ಕೊಕ್ಕರೆಗಳಿಗೆ ಕಲಿಸಿದ ತುಳು

ಆಗೆಲ್ಲ ನಮ್ಮ ಮನೆಯಲ್ಲಿ ಶನಿವಾರ ಅಂದರೆ ಸೋಲು. ಬೇರೆಯವರ ಮನೆಯಲ್ಲಿ ಆ ದಿನ ತಲೆಗೆ ಎಣ್ಣೆ, ಮೆಷೀನಿಗೆ ಬಟ್ಟೆ, ಸಂಜೆ ಗ್ರೋಸರಿ. ನಮ್ಮಲ್ಲಿ ಅಪ್ಪ ಮಧ್ಯಾಹ್ನ ಹಸಿರು ಟೋಪಿ ಹಾಕಿಕೊಂಡು, ನನ್ನನ್ನೂ ಕಟ್ಟಿಕೊಂಡು ವುಡ್‌ಬ್ರಿಡ್ಜಿನ ಮೈದಾನಕ್ಕೆ ಹೊರಡುತ್ತಿದ್ದರು. ಸಂಜೆ ಅದೇ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಟೋಪಿ ತಲೆಯ ಮೇಲಿಲ್ಲ ಅಂದರೆ ಅಮ್ಮನಿಗೆ ಸಮಾಚಾರ ಗೊತ್ತಾಗುತ್ತಿತ್ತು.

"ಏನ್ರೀ, ಇವತ್ತೂ ಸೋತ್ರಾ?"

"ಹತ್ತು ಪಾಯಿಂಟಿನಲ್ಲಿ ಹೋದದ್ದು ಮಾರಾಯ್ತಿ. ಹೋದ ವಾರ ಮೂವತ್ತು. ಸುಧಾರಿಸಿದ್ದಾರೆ ಅಲ್ವಾ?"

ಆ ಕ್ಲಬ್ಬಿನ ಹೆಸರು ಹೆರನ್ಸ್, ಅಂದರೆ ಕೊಕ್ಕರೆಗಳು. ನಮ್ಮ ಮನೆಯಲ್ಲಿ ಅವರಿಗೆ ಕೊಕ್ಕರೆಗಳು ಎಂದೇ ಹೆಸರು. ಅವರು ಆಡುತ್ತಿದ್ದದ್ದು ರಗ್ಬಿ ಲೀಗ್. ಐಸ್ ಹಾಕಿ ಬಿಟ್ಟರೆ ಬೇರೆ ದೇವರಿಲ್ಲದ ಈ ಚಳಿಯ ದೇಶದಲ್ಲಿ ಆ ಆಟದ ಹೆಸರು ಹೇಳಿದರೆ ಜನ ಹುಬ್ಬು ಏರಿಸುತ್ತಿದ್ದರು. ಒಂದೊಂದು ಕಡೆಗೆ ಹದಿಮೂರು ಜನ. ಚೆಂಡು ಹಿಡಿದವನು ಮುಂದಕ್ಕೆ ನುಗ್ಗುತ್ತಾನೆ, ಎದುರಿನವರು ಅವನನ್ನು ಹಿಡಿದು ನೆಲಕ್ಕೆ ಕೆಡವುತ್ತಾರೆ. ಆರು ಸಲ ಕೆಡವಿಸಿಕೊಂಡರೆ ಚೆಂಡು ಅವರ ಪಾಲು. ಅಷ್ಟೇ. ಕಾರ್ಕಳದ ಹತ್ತಿರದ ಹಳ್ಳಿಯಲ್ಲಿ ಕಬಡ್ಡಿ ಆಡಿ ಎರಡು ಬೆರಳು ಸೊಟ್ಟ ಮಾಡಿಕೊಂಡಿದ್ದ ಅಪ್ಪನಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿರಲಿಲ್ಲ.

ಅವರನ್ನು ಅಲ್ಲಿಗೆ ಮೊದಲು ಕರೆದುಕೊಂಡು ಹೋದವರು ಸ್ಟ್ಯಾನ್ ಅಂಕಲ್. ನಮ್ಮ ಪಕ್ಕದೂರು ಬೋಲ್ಟನ್ನಿನ ವೇರ್‌ಹೌಸಿನಲ್ಲಿ ಅಪ್ಪನ ಜೊತೆಗೇ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವರು, ಇಂಗ್ಲೆಂಡಿನ ಉತ್ತರದವರು. ಅವರ ಊರಿನಲ್ಲಿ ಮಗು ನಡೆಯುವ ಮೊದಲು ಈ ಆಟ ಆಡುತ್ತದಂತೆ. ಮೈದಾನದ ಪಕ್ಕದ ಹುಲ್ಲಿನ ದಿಬ್ಬದ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು ಅವರು, ಅಪ್ಪ, ಇನ್ನೂ ಇಪ್ಪತ್ತು ಮಂದಿ. ಕಟಾವು ಮಾಡಿದ ಹುಲ್ಲಿನ ವಾಸನೆ, ಆಟಗಾರರು ಮೈಗೆ ತಿಕ್ಕಿಕೊಂಡ ನೋವಿನ ಎಣ್ಣೆಯ ಘಾಟು, ಅಮ್ಮ ಫಾಯಿಲಿನಲ್ಲಿ ಸುತ್ತಿ ಕೊಟ್ಟ ಬಿಸಿ ಗೋಳಿಬಜೆ. ಮೈಸೂರಿನ ಅಮ್ಮ ಅದನ್ನು ಮಂಗಳೂರು ಬಜ್ಜಿ ಅನ್ನುತ್ತಿದ್ದಳು. ಮಂಗಳೂರಿನವರೇ ಹಾಗೆ ಕರೆಯುವುದಿಲ್ಲ ಎಂದು ಅಪ್ಪ ಪ್ರತಿ ವಾರ ವಾದ ಮಾಡುತ್ತಿದ್ದರು. ಸ್ಟ್ಯಾನ್ ಅಂಕಲ್ ಹೆಸರಿನ ಗೊಡವೆಗೆ ಹೋಗದೆ ಎಂಟು ತಿನ್ನುತ್ತಿದ್ದರು. ನಾವು ಮಕ್ಕಳು ದಿಬ್ಬದ ಮೇಲಿನಿಂದ ಉರುಳಿ ಉರುಳಿ ಬಾತುಕೋಳಿ ಹಿಕ್ಕೆಯನ್ನೆಲ್ಲ ಬಟ್ಟೆಗೆ ಮೆತ್ತಿಕೊಳ್ಳುತ್ತಿದ್ದೆವು.

ನಿಮ್ಮಲ್ಲಿ ಯಾರಾದರೂ ಸೋಲುವ ತಂಡವನ್ನು ಹಚ್ಚಿಕೊಂಡಿದ್ದರೆ ಗೊತ್ತಿರುತ್ತದೆ, ಅದರ ಅಭಿಮಾನಿಗಳು ಎದುರಾಳಿಗೆ ಬೈಯುವುದಿಲ್ಲ, ತಮ್ಮವರಿಗೇ ಬೈಯುತ್ತಾರೆ. ದಿಬ್ಬದ ಮೇಲಿನವರೆಲ್ಲ ಬೈಗುಳದಲ್ಲಿ ಪಳಗಿದ್ದರು. ಅಪ್ಪ ಮಾತ್ರ ಬೈಯುತ್ತಿರಲಿಲ್ಲ, ಪಾಠ ಹೇಳುತ್ತಿದ್ದರು. "ಕಾಲಿಗೆ ಕೈ ಹಾಕ್ರಾ! ಹೆಗಲು ಹಿಡಿದು ಎಂತ ತಬ್ಬಿಕೊಳ್ಳುದು? ಕಾಲಿಗೆ!" ಎಂದು ಕನ್ನಡದಲ್ಲಿ ಕಿರುಚಿ, ಆಮೇಲೆ ನೆನಪಾಗಿ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕಿರುಚುತ್ತಿದ್ದರು.

ನನಗೆ ಹನ್ನೊಂದು ತುಂಬಿದ ಬೇಸಿಗೆಯಲ್ಲಿ ಕೊಕ್ಕರೆಗಳು ಸಾಲಾಗಿ ಐದು ಪಂದ್ಯ ಸೋತರು. ಅವರ ಕ್ಯಾಪ್ಟನ್ ಡ್ಯಾನಿ ಎಂಬ ಭೀಮ ಮೈದಾನದಲ್ಲಿ ಲೆಫ್ಟ್, ರೈಟ್ ಎಂದು ಕೂಗುತ್ತಿದ್ದ. ಚೆಂಡು ಎತ್ತ ಹೋಗುತ್ತದೆಂದು ಅವನ ತಂಡಕ್ಕೆ ತಿಳಿಯುವ ಮೊದಲೇ ಎದುರಿನವರಿಗೆ ತಿಳಿಯುತ್ತಿತ್ತು. ಒಂದು ಪ್ರಾಕ್ಟೀಸಿನ ಸಂಜೆ ಅಪ್ಪ ನೇರವಾಗಿ ಅವನ ಹತ್ತಿರ ಹೋದರು. ಮನೆಗೆ ಬಂದು ಅಮ್ಮನಿಗೆ ಅದನ್ನು ವರದಿ ಮಾಡಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ನಾನು ಹೇಳಿದೆ, ಇಂಗ್ಲಿಷಲ್ಲಿ ಬೊಬ್ಬೆ ಹಾಕಿದ್ರೆ ಊರಿಗೆಲ್ಲ ಗೊತ್ತಾಗ್ತದೆ. ತುಳುವಿನಲ್ಲಿ ಹಾಕಿ. ಒಂಜಿ ಅಂದ್ರೆ ಎಡಕ್ಕೆ, ರಡ್ಡ್ ಅಂದ್ರೆ ಬಲಕ್ಕೆ, ಮೂಜಿ ಅಂದ್ರೆ ಒದಿ."

"ಅವ್ರು ಕಲೀತಾರೇನ್ರೀ? ನಿಮ್ ಮಗಳೇ ಕಲೀಲಿಲ್ಲ."

ಅದು ನಿಜ. ಅಪ್ಪ ನನ್ನೊಂದಿಗೆ ತುಳು ಮಾತಾಡುತ್ತಿದ್ದರು, ನಾನು ಅಮ್ಮನ ಕನ್ನಡದಲ್ಲೋ ಶಾಲೆಯ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಿದ್ದೆ. ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಬರಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಕೊಕ್ಕರೆಗಳು ಕಲಿತರು. ಎರಡು ವಾರ ಅಪ್ಪ ಶಿಫ್ಟು ಮುಗಿಸಿ ನೇರ ಮೈದಾನಕ್ಕೆ ಹೋಗಿ ಹದಿಮೂರು ದೈತ್ಯರನ್ನು ಸಾಲಾಗಿ ನಿಲ್ಲಿಸಿ ಮಗ್ಗಿಯಂತೆ ಹೇಳಿಸಿದರು. ಆಮೇಲಿನ ಎರಡು ಪಂದ್ಯಗಳಲ್ಲಿ ನಡೆದದ್ದನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಡ್ಯಾನಿ "ಮೂಜಿ!" ಎಂದು ಗುಡುಗುವುದು, ಎದುರಿನವರು ಕಕ್ಕಾಬಿಕ್ಕಿಯಾಗುವುದು, ಚೆಂಡು ಅವರ ತಲೆಯ ಮೇಲಿಂದ ಹಾರುವುದು. ಎರಡೂ ಗೆದ್ದರು. ದಿಬ್ಬದ ಮೇಲೆ ಸ್ಟ್ಯಾನ್ ಅಂಕಲ್ ಅಪ್ಪನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದರು. ಅಪ್ಪ ಅಷ್ಟು ಚಿಕ್ಕವರಾಗಿ ಕಂಡದ್ದು ಅದೊಂದೇ ಸಲ. ಶಾಲೆಗೆ ಹೋಗುವ ಹುಡುಗನ ಹಾಗೆ ನಗುತ್ತಿದ್ದರು.

ಕ್ಲಬ್ಬಿನ ಅಧ್ಯಕ್ಷನ ಹೆಸರು ಗ್ರೆಗ್. ಅವನ ಬಗ್ಗೆ ಬರೆಯುವಾಗ ಇವತ್ತಿಗೂ ನನ್ನ ಕೈ ಬಿಸಿಯಾಗುತ್ತದೆ. ಗೆದ್ದ ಮೇಲೆ ಅವನ ತಲೆ ತಿರುಗಿತು. ಕೆಲವು ಹಳೆಯ ಆಟಗಾರರನ್ನು ಹೊರಗೆ ಕೂರಿಸಿ ತನ್ನ ಗೆಳೆಯರ ಮಕ್ಕಳನ್ನು ಇಳಿಸಿದ, ಮತ್ತೆ ಸೋಲು ಶುರುವಾಯಿತು. ಅಭಿಮಾನಿಗಳು ರೇಗಿ ಅವನನ್ನು ಪಂದ್ಯದ ಬಳಿಕ ಪಾರ್ಕಿಂಗ್ ಲಾಟಿನಲ್ಲಿ ಸುತ್ತುವರಿದು ಲೆಕ್ಕ ಕೇಳಿದರು. ಎಲ್ಲರೂ ಕೂಗಾಡಿದರು. ಅಪ್ಪ ಕೂಗಾಡಲಿಲ್ಲ. ಕೈ ಎತ್ತಿ, ತಮ್ಮ ಸರದಿ ಬರುವವರೆಗೆ ಕಾದು, ಹುಡುಗರಿಗೆ ಕಾಲು ಹಿಡಿಯುವುದನ್ನು ಕಲಿಸಬೇಕು, ಬೇಕಾದರೆ ತಾನೇ ಬಂದು ಕಲಿಸುತ್ತೇನೆ ಅಂದರು.

ಗ್ರೆಗ್ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ನಿಮ್ಮ ಕೆಲಸ ಕೂತು ಚಪ್ಪಾಳೆ ತಟ್ಟುವುದು. ಹಳ್ಳಿಯ ಹುಡುಗಾಟ ಕಲಿಸಬೇಕಿದ್ದರೆ ನಿಮ್ಮ ಜನರಿಗೆ ಹೋಗಿ ಕಲಿಸಿ" ಅಂದ. ಆಮೇಲೆ ಅಪ್ಪನ ಇಂಗ್ಲಿಷನ್ನು ಅಣಕಿಸಿ, ಅವರು ಹೇಳಿದ್ದನ್ನೇ ಅವರ ಧಾಟಿಯಲ್ಲಿ ಹೇಳಿ ತೋರಿಸಿದ.

ಡ್ಯಾನಿ ನಕ್ಕ. ಉಳಿದ ಕೊಕ್ಕರೆಗಳೂ ನಕ್ಕರು. ಸ್ಟ್ಯಾನ್ ಅಂಕಲ್ ತಮ್ಮ ಶೂ ನೋಡಿಕೊಂಡು ನಿಂತರು. ಅಪ್ಪನೂ ಸ್ವಲ್ಪ ನಕ್ಕರು. ಅವರ ಆ ನಗುವನ್ನು ಮಾತ್ರ ನನಗೆ ಸಹಿಸಲಾಗಲಿಲ್ಲ.

ಮುಂದಿನ ಶನಿವಾರ ಮೈದಾನದ ಸುತ್ತ ಹಗ್ಗ ಬಂತು. ಆಟಗಾರರಿಗೆ ಸೂಚನೆ ಕೂಗುವವರನ್ನು ಹೊರಗೆ ಕಳಿಸಲಾಗುವುದು ಎಂಬ ಫಲಕವೂ ಬಂತು. ಅಪ್ಪ ಫಲಕ ಓದಿ, ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತರು. ಹಗ್ಗದ ಒಳಗಡೆ ಕೊಕ್ಕರೆಗಳು "ಒಂಜಿ! ರಡ್ಡ್!" ಎಂದು ಅಪ್ಪನ ಮಾತನ್ನೇ ಕೂಗಿಕೊಂಡು ಓಡಾಡುತ್ತಿದ್ದರು.

ಮನೆಯಲ್ಲಿ ಅಮ್ಮ ಲಟ್ಟಣಿಗೆ ಕುಟ್ಟಿ, "ಹತ್ತಿದ ಏಣೀನೇ ಒದ್ರಲ್ಲ ಆ ದರಿದ್ರದವ್ರು! ಇನ್ಮೇಲೆ ಆ ಕಡೆ ತಲೆ ಹಾಕಿ ಮಲಗ್ಬೇಡಿ" ಅಂದಳು.

"ಕೊನೆಯದ್ದು ಒಂದು ಉಂಟು ಮಾರಾಯ್ತಿ. ಅದು ಗೆದ್ರೆ ಮಾತ್ರ ಅವರು ಲೀಗಿನಲ್ಲಿ ಉಳಿಯುದು. ಸೋತ್ರೆ ಕ್ಲಬ್ಬೇ ಇರುದಿಲ್ಲ. ಈಗ ಬಿಟ್ಟು ಬರ್ಲಿಕ್ಕೆ ಆಗ್ತದಾ?"

ಅಪ್ಪನಿಗೆ ಆಗಲಿಲ್ಲ. ನನಗೆ ಆಯಿತು. ಆ ಒಂದು ವಾರ ನಾನು ಊಟ ಮಾಡುವಾಗ, ಸ್ನಾನ ಮಾಡುವಾಗ, ರಜೆ ಮುಗಿದು ಆಗಷ್ಟೇ ಶುರುವಾಗಿದ್ದ ಶಾಲೆಯ ಬಸ್ಸಿನಲ್ಲಿ ಕೂತಾಗ ಒಂದೇ ಯೋಚನೆ ಮಾಡಿದೆ. ಹನ್ನೊಂದು ವರ್ಷದವರ ಸೇಡನ್ನು ದೊಡ್ಡವರು ಲಘುವಾಗಿ ತೆಗೆದುಕೊಳ್ಳುತ್ತಾರೆ. ದೊಡ್ಡವರ ಸೇಡಿಗೆ ಮನೆ, ಕೆಲಸ, ಮರ್ಯಾದೆ ಅಂತ ನೂರು ಅಡ್ಡಿ. ನನ್ನದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಕೊನೆಯ ಪಂದ್ಯಕ್ಕೆ ಬಂದದ್ದು ಓಕ್‌ವಿಲ್ಲಿನ ತಂಡ. ಅಪ್ಪ ದಿಬ್ಬದ ಮೇಲೆ ಕುರ್ಚಿ ಬಿಡಿಸುತ್ತಿದ್ದಾಗ ನಾನು ಬಾತ್‌ರೂಮಿಗೆಂದು ಹೇಳಿ ನೇರ ಅವರ ಬಸ್ಸಿನ ಹತ್ತಿರ ಹೋದೆ. ಏಳನೇ ನಂಬರಿನ ಜೆರ್ಸಿಯವನು ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಗಣಿತದ ಪುಸ್ತಕದಿಂದ ಹರಿದ ಹಾಳೆಯನ್ನು ಅವನ ಕೈಗೆ ಕೊಟ್ಟೆ. ಒಂಜಿ ಎಡಕ್ಕೆ, ರಡ್ಡ್ ಬಲಕ್ಕೆ, ಮೂಜಿ ಒದೆತ. ಅವನು ತಮಾಷೆಯೆಂದು ನಕ್ಕ. ನಾನು ನಗಲಿಲ್ಲ. "ಬಾಯಲ್ಲಿ ಹೇಳು" ಅಂದೆ. ಅವನು ತಪ್ಪಾಗಿ ಹೇಳಿದ, ನಾನು ತಿದ್ದಿದೆ. ರಡ್ಡ್ ಅನ್ನುವಾಗ ನಾಲಿಗೆಯನ್ನು ಎಲ್ಲಿ ಮಡಚಬೇಕೆಂದು ಬಾಯಿ ತೆರೆದು ತೋರಿಸಿದೆ. ಮೂರು ಸಲ ಹೇಳಿಸಿ, ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡೇ ಅಲ್ಲಿಂದ ಹೊರಟೆ.

ಆ ಪಂದ್ಯದಷ್ಟು ಸುಖ ನನಗೆ ಇನ್ಯಾವ ಆಟದಲ್ಲೂ ಸಿಕ್ಕಿಲ್ಲ, ಸುಳ್ಳು ಯಾಕೆ ಹೇಳಲಿ. ಡ್ಯಾನಿ "ಒಂಜಿ" ಅಂದರೆ ಎಡಗಡೆ ಓಕ್‌ವಿಲ್ಲಿನ ನಾಲ್ಕು ಜನ ಕಾದು ನಿಂತಿರುತ್ತಿದ್ದರು. "ಮೂಜಿ" ಅಂದರೆ ಚೆಂಡು ಬೀಳುವಲ್ಲಿ ಅವರದೇ ಕೈ. ಕೊಕ್ಕರೆಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಗ್ಗದ ಪಕ್ಕ ಗ್ರೆಗ್ ಕೆಂಪಾಗಿ, ಬಿಳಿಯಾಗಿ, ಮತ್ತೆ ಕೆಂಪಾದ. ನನಗೆ ಹೊಟ್ಟೆ ತಣ್ಣಗಾಯಿತು. ಇನ್ನೂ ಸೋಲಲಿ, ಇನ್ನೂ ಬೀಳಲಿ ಎಂದು ಗೋಳಿಬಜೆ ಅಗಿಯುತ್ತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ದಿಬ್ಬದ ಮೇಲೆ ದೊಡ್ಡ ಗಂಡಸರು ಟೋಪಿಯಲ್ಲಿ ಮುಖ ಮುಚ್ಚಿಕೊಂಡಿದ್ದರು, ಅದನ್ನು ನೋಡಿಯೂ ನನ್ನ ಮನಸ್ಸು ಕರಗಲಿಲ್ಲ.

ಕೊನೆಯ ಹತ್ತು ನಿಮಿಷವಿರುವಾಗ ಆ ಏಳನೇ ನಂಬರಿನವನಿಗೆ ಕೊಬ್ಬು ಏರಿತು. ಡ್ಯಾನಿ ಬಾಯಿ ತೆರೆಯುವ ಮೊದಲೇ ಇವನು ಇಡೀ ಮೈದಾನಕ್ಕೆ ಕೇಳುವ ಹಾಗೆ "ರಡ್ಡ್!" ಎಂದು ಕೂಗಿ ನಕ್ಕ. ಚೊಕ್ಕವಾಗಿತ್ತು ಉಚ್ಚಾರಣೆ.

ಅಪ್ಪ ಕುರ್ಚಿಯಿಂದ ಅರ್ಧ ಎದ್ದರು. ಓಕ್‌ವಿಲ್ಲಿನವರ ಕಡೆ ನೋಡಿದರು. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದರು. ನಾನು ಬೇರೆಡೆ ನೋಡಿದೆ.

ಪಂದ್ಯ ಮುಗಿಯುತ್ತಲೇ ಗ್ರೆಗ್ ದಿಬ್ಬ ಹತ್ತಿ ಬಂದ. ಹಿಂದೆ ಡ್ಯಾನಿ, ಕೆಸರು ಮೆತ್ತಿದ ಕೊಕ್ಕರೆಗಳು, ಸುತ್ತ ನಮ್ಮ ಅಭಿಮಾನಿಗಳು. ಗ್ರೆಗ್ ಅಪ್ಪನ ಎದೆಗೆ ಬೆರಳು ಚುಚ್ಚಿ, "ಈ ಊರಿನಲ್ಲಿ ಆ ಭಾಷೆ ಗೊತ್ತಿರುವುದು ನಿನಗೊಬ್ಬನಿಗೆ" ಅಂದ. ಸ್ಟ್ಯಾನ್ ಅಂಕಲ್ ಅವನ ಬೆರಳನ್ನು ತಳ್ಳಿದರು. ಈ ಸಲ ಅವರು ಶೂ ನೋಡಲಿಲ್ಲ. "ಇವನು ಅಂಥವನಲ್ಲ. ಹೇಳು ಗೆಳೆಯಾ, ನೀನಲ್ಲ ಅಂತ ಇವರಿಗೆ ಹೇಳು" ಎಂದು ಅಪ್ಪನ ಭುಜ ಹಿಡಿದು ಕೇಳಿದರು.

ಎಲ್ಲರೂ ಕಾದರು. ನಾನು ಬಾಯಿ ಬಿಡಬಹುದಿತ್ತು. ಗ್ರೆಗ್ ಮುಖಕ್ಕೆ ಹೇಳಬೇಕೆಂದು ಇಡೀ ವಾರ ಮಾತು ಜೋಡಿಸಿಟ್ಟಿದ್ದೆ. ಅದನ್ನೆಲ್ಲ ನುಂಗಿಕೊಂಡು ಅಪ್ಪನ ಕುರ್ಚಿಯ ಹಿಂದಕ್ಕೆ ಸರಿದೆ.

"ನಾನೇ ಹೇಳಿದ್ದು" ಅಂದರು ಅಪ್ಪ. "ನೀವು ಅವತ್ತು ನಕ್ಕಿರಲ್ಲ, ಅದಕ್ಕೆ."

ಸ್ಟ್ಯಾನ್ ಅಂಕಲ್ ಭುಜದಿಂದ ಕೈ ತೆಗೆದರು. ತಮ್ಮ ಕುರ್ಚಿ ಮಡಚಿ, ಕಂಕುಳಿಗೆ ಸಿಕ್ಕಿಸಿ ದಿಬ್ಬ ಇಳಿದರು. ಅವರ ಹಿಂದೆ ಉಳಿದವರೂ ಇಳಿದರು. ಗ್ರೆಗ್ ಬೈದ ಬೈಗುಳಗಳು ಅಪ್ಪನಿಗೆ ತಾಕಿದ ಹಾಗೆ ಕಾಣಲಿಲ್ಲ. ಅವರು ಸ್ಟ್ಯಾನ್ ಅಂಕಲ್ ಹೋದ ದಾರಿಯನ್ನೇ ನೋಡುತ್ತಿದ್ದರು. ಕಾರಿನಲ್ಲಿ ನನ್ನನ್ನು ಏನೂ ಕೇಳಲಿಲ್ಲ. ಮನೆಯಲ್ಲಿ ಅಮ್ಮನಿಗೂ ತಾವೇ ಹೇಳಿದ್ದು ಎಂದರು. ಅಮ್ಮ, "ಒಳ್ಳೇದ್ ಮಾಡಿದ್ರಿ, ಹಾಗೇ ಆಗ್ಬೇಕಿತ್ತು ಅವ್ರಿಗೆ" ಅಂದಳು.

ಕ್ಲಬ್ಬು ಆ ಚಳಿಗಾಲಕ್ಕೇ ಮುಚ್ಚಿತು. ಮೈದಾನದಲ್ಲಿ ಈಗ ಒಂದೇ ಅಚ್ಚಿನ ಟೌನ್‌ಹೌಸುಗಳು ನಿಂತಿವೆ. ಗ್ರೆಗ್ ಎಲ್ಲಿದ್ದಾನೋ ಗೊತ್ತಿಲ್ಲ. ಎದುರು ಸಿಕ್ಕರೆ ನಾನು ಈಗಲೂ ಅದನ್ನೇ ಮಾಡುತ್ತೇನೆ, ಅವನ ವಿಷಯದಲ್ಲಿ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಆದರೆ ವೇರ್‌ಹೌಸಿನ ಲಂಚ್‌ರೂಮಿನಲ್ಲಿ ಸ್ಟ್ಯಾನ್ ಅಂಕಲ್ ಬೇರೆ ಮೇಜಿಗೆ ಹೋಗಿ ಕೂತರು. ನಾಲ್ಕು ವರ್ಷ ಹಾಗೇ ಕೂತು, ರಿಟೈರ್ ಆಗಿ, ಹೇಳದೆ ಇಂಗ್ಲೆಂಡಿಗೆ ಹೋದರು. ಅಪ್ಪನಿಗೆ ಮತ್ತೆ ಅಂಥ ಸ್ನೇಹಿತರು ಆಗಲಿಲ್ಲ. ಈ ಕಡೆ ತುಳುವರು ಇಲ್ಲವೆಂದಲ್ಲ, ಬೇಸಿಗೆಯ ಪಿಕ್‌ನಿಕ್ಕಿನಲ್ಲಿ ಸಿಗುತ್ತಾರೆ, ಮಾತಾಡುತ್ತಾರೆ, ಹೋಗುತ್ತಾರೆ. ವಾರ ವಾರ ಅಪ್ಪನಿಗೆ ಕಾಯಲು ಒಂದು ಶನಿವಾರವಿತ್ತು. ಅದನ್ನು ನಾನು ತೆಗೆದೆ.

ಹೋದ ತಿಂಗಳು ಅಪ್ಪ ನನ್ನ ಮನೆಗೆ ಬಂದಿದ್ದರು. ಊಟವಾದ ಮೇಲೆ, ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಹೇಳಿಬಿಟ್ಟೆ.

"ಅಪ್ಪಾ, ಅವತ್ತು ಓಕ್‌ವಿಲ್ಲಿನವರಿಗೆ ಹೇಳಿದ್ದು ನಾನು."

"ಗೊತ್ತುಂಟು ಮಗಾ" ಅಂದರು ಅಪ್ಪ, ಎಂದಿನ ಹಾಗೆ ತುಳುವಿನಲ್ಲೇ.

"ನಿಮಗೆ ಸಿಟ್ಟು ಬರಲಿಲ್ವಾ?"

ಅಪ್ಪ ತಟ್ಟೆಯ ಅಂಚಿನ ಅನ್ನದ ಅಗುಳನ್ನು ಬೆರಳಿನಿಂದ ಒಟ್ಟು ಮಾಡಿದರು.

"ಸಿಟ್ಟು ಎಂತಕ್ಕೆ? ನೀನು ನನಗೋಸ್ಕರ ಮಾಡಿದ್ದು, ಅದು ನನಗೆ ಅರ್ಥ ಆಗುದಿಲ್ವಾ? ಆದ್ರೆ ಒಂದು ಉಂಟು. ನೀನು ಹುಟ್ಟಿದಾಗಿನಿಂದ ನಾನು ನಿನ್ನ ಹತ್ರ ತುಳು ಮಾತಾಡಿದೆ. ನೀನು ಒಂದು ಶಬ್ದ ತಿರುಗಿ ಹೇಳ್ಲಿಲ್ಲ. ಹೇಳಿದ್ದು ಅದೊಂದೇ ಸಲ. ಅದೂ ಅವರ ಹತ್ರ."