ದೋಣಿ ಹತ್ತದ ದುರ್ಗನೂ ದೇವಮಾಸವೂ

ಬೆಳಿಗ್ಗೆ ಎದ್ದವನೇ ದುರ್ಗ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಬಾಯಿ ಮುಕ್ಕಳಿಸಿ, ಅಂಗಳದ ಗಿಡದಿಂದ ಒಂದು ದಾಸವಾಳ ಕೊಯ್ದು, ಕುಮಟೆಯ ಬಂದರದ ಪಕ್ಕದ ಗುಡ್ಡ ಹತ್ತುತ್ತಿದ್ದ. ತುದಿಯಲ್ಲಿ ಜಟಗ ದೇವರ ಕಲ್ಲು. ಅದಕ್ಕೆ ಹೂವಿಟ್ಟು ಕೈಮುಗಿದು, ಕಡಲಿಗೆ ಮುಖಮಾಡಿ ಕೂತು, ಬಡಗಿನ ಕೊನೆಯಿಂದ ತೆಂಕಿನ ಕೊನೆಯವರೆಗೆ ನೀರನ್ನೆಲ್ಲ ನಿಧಾನವಾಗಿ ನೋಡುತ್ತಿದ್ದ. ನೋಡಿ ಮುಗಿಯುವವರೆಗೆ ಚಾ ಇಲ್ಲ, ಮಾತಿಲ್ಲ. ಜ್ವರ ಬಂದಾಗ ಕಂಬಳಿ ಹೊದ್ದು ಹೋದ. ಮಗಳು ಹುಟ್ಟಿದ ದಿನವೂ ಮೊದಲು ಕಡಲನ್ನು ನೋಡಿ ಆಮೇಲೆ ಮಗುವನ್ನು ನೋಡಿದ. ಹೆಂಡತಿ ಗಂಗಿ ಆ ಮಾತನ್ನು ಮಗಳ ಮದುವೆಯವರೆಗೂ ಎತ್ತಿ ಆಡುತ್ತಿದ್ದಳು.

ಇಷ್ಟು ಪ್ರೀತಿಯಿಂದ ಕಡಲು ನೋಡುವವನು ದೋಣಿ ಹತ್ತುತ್ತಿರಲಿಲ್ಲ. ಹತ್ತಲು ಆಗುತ್ತಿರಲಿಲ್ಲ. ಅಪ್ಪ, ಅಜ್ಜ, ಅವರಪ್ಪ ಎಲ್ಲರೂ ಮೀನಿಗೆ ಹೋದವರೇ. ಇವನೊಬ್ಬನಿಗೆ ಮಾತ್ರ ದೇವರು ನೆಲದ ಹೊಟ್ಟೆ ಕೊಟ್ಟಿದ್ದ. ದೋಣಿ ಮೊದಲ ಅಲೆ ದಾಟುವುದರೊಳಗೆ ತಲೆ ತಿರುಗಿ, ಬಾಯಲ್ಲಿ ನೀರೂರಿ, ಹಿಂದಿನ ರಾತ್ರಿಯ ಗಂಜಿಯೂ ಹೊರಗೆ ಬರುತ್ತಿತ್ತು. ಊರಿನವರು ಹೇಳಿದ ಮದ್ದನ್ನೆಲ್ಲ ಮಾಡಿ ನೋಡಿದ. ಶುಂಠಿ ಅಗಿದ. ಅಪ್ಪೆಮಿಡಿ ಚೀಪಿದ. ಲಿಂಬೆಹಣ್ಣು ಮೂಸಿದ. ಹೊಟ್ಟೆಗೆ ಪಂಚೆ ಬಿಗಿದು ಕಟ್ಟಿದ. ಕಣ್ಣನ್ನು ನೀರಿನ ಮೇಲೆ ಇಡಬೇಡ, ದೂರದ ಗುಡ್ಡದ ಮೇಲೆ ಇಡು ಎಂದು ಒಬ್ಬರು ಹೇಳಿದರು. ಅದರಿಂದ ಸ್ವಲ್ಪ ಗುಣ ಕಂಡಿತು. ಆದರೆ ಗುಡ್ಡವನ್ನೇ ನೋಡುತ್ತ ಕೂತವನು ಹುಟ್ಟು ಹಾಕುವುದು ಯಾವಾಗ?

ಮದುವೆಯ ದಿನ ಇನ್ನೂ ಫಜೀತಿ. ಗಂಗಿ ಹೊನ್ನಾವರದ ಹೊಳೆಯಾಚೆಯ ಕಾಸರಕೋಡಿನವಳು. ಆಗ ಶರಾವತಿಗೆ ಸೇತುವೆ ಇರಲಿಲ್ಲ, ದಿಬ್ಬಣ ತಾರಿ ದೋಣಿಯಲ್ಲಿ ದಾಟಬೇಕು. ನಡುಹೊಳೆಯಲ್ಲಿ ಮದುಮಗ ಬಾಸಿಂಗ ಬಿಚ್ಚಿ ಅಕ್ಕನ ಕೈಗೆ ಕೊಟ್ಟು ತಾರಿಯ ಅಂಚಿಗೆ ಬಗ್ಗಿದ. ಹಿಂದಿರುಗುವಾಗಲೂ ಅದೇ ಕತೆ. ಹೊಸ ಹೆಂಡತಿ ಸೆರಗಿನೊಳಗಿಂದ ನೋಡಿ, "ಮೀನು ಹಿಡಿಯೋರ ಮನೆಗೆ ಕೊಟ್ರು ಅಂದ್ಕಂಡಿದ್ದೆ. ಇದೆಂತದು, ಮೀನಿಗೆ ಅನ್ನ ಹಾಕೋರ ಮನೆ!" ಎಂದಳು. ತಾರಿಯಲ್ಲಿದ್ದವರೆಲ್ಲ ನಕ್ಕರು. ದುರ್ಗನೂ ಬಾಯಿ ಒರೆಸಿಕೊಂಡು ನಕ್ಕ.

ನಗು ಎಲ್ಲ ಕಾಲಕ್ಕೂ ನಡೆಯುವುದಿಲ್ಲ. ಆ ಊರಿನ ಮನೆಗಳೆಲ್ಲ ಸೇರಿ ಒಂದು ರಂಪಣಿ ಬಲೆ ಇಟ್ಟುಕೊಂಡಿದ್ದವು. ಬಲೆಯ ಹಗ್ಗದ ಒಂದು ತುದಿ ದಂಡೆಯವರ ಕೈಯಲ್ಲಿ. ಪಾಂಡಿ ಎಂಬ ದೊಡ್ಡ ದೋಣಿ ಬಲೆ ಹೊತ್ತು ಕಡಲಿಗೆ ಹೋಗಿ, ಮೀನಿನ ಹಿಂಡನ್ನು ಸುತ್ತಿ ಬಲೆ ಬಿಡುತ್ತ ಬಂದು, ಇನ್ನೊಂದು ತುದಿಯನ್ನು ದಂಡೆಗೆ ಮುಟ್ಟಿಸುತ್ತದೆ. ಆಮೇಲೆ ಊರಿಗೆ ಊರೇ ನಿಂತು ಎಳೆಯುವುದು. ಎಳೆಯುವುದರಲ್ಲಿ ದುರ್ಗ ಯಾರಿಗೂ ಕಡಿಮೆಯಿಲ್ಲ. ಆದರೆ ಸರದಿಯ ಮೇಲೆ ಪಾಂಡಿ ಹತ್ತದವನಿಗೆ ಬಲೆಯಲ್ಲಿ ಪಾಲು ಏಕೆ ಎಂಬ ಮಾತು ಎದ್ದಿತು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಕೆಲವು ವರ್ಷವಾಗಿತ್ತು. ಆ ವರ್ಷದ ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಬಿಟ್ಟು ಎಲ್ಲರೂ ಮರಳಿನ ಮೇಲೆ ಕೂತಾಗ ಅದೇ ಚರ್ಚೆ.

ಬಲೆಯ ಯಜಮಾನ ಬೀರ. ದುರ್ಗನ ಅಕ್ಕನ ಗಂಡ. ಹೆಂಡತಿಯ ತಮ್ಮನೆಂದು ಬಿಟ್ಟುಕೊಡುವ ಜನವಲ್ಲ.

"ಕುಪ್ಪಜ್ಜನ ಕಣ್ಣಿಗೆ ಪೊರೆ ಬಂತು. ಗುಡ್ಡದ ಮೇಲೆ ಕೂತು ಮೀನು ನೋಡೋಕೆ ಒಬ್ಬ ಬೇಕು," ಎಂದ ಬೀರ. "ದುರ್ಗ ಒಂದು ಹಂಗಾಮು ನೋಡ್ಲಿ. ಕಣ್ಣು ಕೆಲಸಕ್ಕೆ ಬಂದ್ರೆ ಪಾಲು ಉಂಟು. ಇಲ್ಲಾಂದ್ರೆ ಹುಟ್ಟು ಹಿಡಿ, ಇಲ್ಲ ಗುಂಪು ಬಿಡು. ಆತಾ?"

"ಆತು ಭಾವ," ಎಂದ ದುರ್ಗ. ಮನೆಗೆ ಬಂದು ಗಂಗಿಗೆ ಹೇಳಿದಾಗ ಅವಳು ಈ ಸಲ ನಗಲಿಲ್ಲ. ಬಲೆಯ ಪಾಲು ಹೋದರೆ ಅವಳ ಬುಟ್ಟಿಯಲ್ಲಿ ಮಾರಲು ಮೀನಿಲ್ಲ.

ಹಳೆಯ ನೋಟಗಾರ ಕುಪ್ಪಜ್ಜ ಮಬ್ಬುಗಣ್ಣಿನಲ್ಲೇ ಗುಡ್ಡಕ್ಕೆ ಬಂದು ಪಕ್ಕದಲ್ಲಿ ಕೂತು ಕಲಿಸಿದ. "ಬೆಳಿಗ್ಗೆ ನೋಡು, ಸೂರ್ಯ ಬೆನ್ನಿಗಿರ್ತಾನೆ. ಮಧ್ಯಾಹ್ನ ಮೇಲೆ ನೋಡಿದ್ರೆ ಕಣ್ಣು ಸುಡ್ತದೆ, ಮೀನು ಕಾಣೂದಿಲ್ಲ. ಅಕ್ಕಿಲಿ ಕಲ್ಲು ಹುಡುಕಿದ ಹಾಗೆ ಹುಡುಕಬೇಡ. ಮೊರದಲ್ಲಿ ಹರಡಿ ಸುಮ್ನೆ ಇರು. ಕಲ್ಲು ತಾನೇ ಕಾಣ್ತದೆ."

ದುರ್ಗ ಹಾಗೆಯೇ ಕಣ್ಣು ಹರಡಿ ಕೂತ. ಮೊದಲು ಕಂಡದ್ದು ಬಲೆಗೆ ಬೇಕಾದ ಬಂಗಡೆ ಮೀನಲ್ಲ, ಹಂದಿಮೀನು. ಪಟ್ಟಣದವರು ಡಾಲ್ಫಿನ್ ಎನ್ನುವುದು ಇದನ್ನೇ. ಒಂದು ಬೆನ್ನು ಎದ್ದು ಮುಳುಗಿತು. ಅದರ ಹಿಂದೆ ಇನ್ನೊಂದು, ಅದರ ಮಗ್ಗುಲಲ್ಲಿ ಚಿಕ್ಕದೊಂದು. ದೋಣಿಯಲ್ಲಿ ಹೋಗುವವರಿಗೆ ಅದು ದಿನಾ ಕಾಣುವ ವಸ್ತು, ಹೊಸತೇನಿಲ್ಲ. ದುರ್ಗನಿಗೆ ಮಾತ್ರ ತಲೆ ತುಂಬ ಪ್ರಶ್ನೆ. ಇವು ನಿದ್ದೆ ಮಾಡುತ್ತವೆಯೇ? ಮಾಡಿದರೆ ಮುಳುಗುವುದಿಲ್ಲವೇ? ಮರಿ ಯಾವಾಗಲೂ ತಾಯಿಯ ದಂಡೆಬದಿಗೇ ಏಕೆ ಇರುತ್ತದೆ? ಮೀನಿಗೆ ಹೋಗಿ ಬಂದವರನ್ನು ತಡೆದು ತಡೆದು ಕೇಳಿದ. ಅವರು, "ಹೋಗಿ ಅದನ್ನೇ ಕೇಳು ಮಾರಾಯ," ಎಂದು ಬುಟ್ಟಿ ಎತ್ತಿಕೊಂಡು ಹೋದರು.

ಕೇಳಲು ಆಗದಿದ್ದರೂ ಹತ್ತಿರ ಹೋಗುವ ದಾರಿಯೊಂದು ಸಿಕ್ಕಿತು. ಉಬ್ಬರ ಏರುವ ಹೊತ್ತಿಗೆ ಹಂದಿಮೀನು ಬಡಗಿಗೆ ತಿರುಗಿ ಅಘನಾಶಿನಿಯ ಅಳಿವೆಯೊಳಗೆ ಹೋಗುವುದನ್ನು ಗುಡ್ಡದಿಂದ ಕಂಡ. ಒಂದು ದಿನ ನಡೆದೇ ಅಲ್ಲಿಗೆ ಹೋಗಿ ಮರಳಿನ ಮೂಗಿನ ಮೇಲೆ ಕಾದು ಕೂತ. ಹೊಳೆಯ ಮೀನನ್ನು ಅಟ್ಟಿಸಿಕೊಂಡು ಅವು ಎಷ್ಟು ಹತ್ತಿರ ಬಂದವೆಂದರೆ ಉಸಿರು ಕೇಳಿಸಿತು, ಬಿಂದಿಗೆ ಇಳಿಸಿದ ಮುದುಕಿ ಉಸ್ಸೆಂದ ಹಾಗೆ. ದುರ್ಗನ ಕಾಲು ಒದ್ದೆ ಮರಳಿನಲ್ಲಿ ಗಟ್ಟಿಯಾಗಿತ್ತು. ಹೊಟ್ಟೆ ಸುಮ್ಮನಿತ್ತು. ಅವನಿಗೆ ಅಳು ಬಂತಂತೆ. ಯಾಕೆಂದು ಗಂಗಿ ಕೇಳಿದರೆ, "ಗೊತ್ತಿಲ್ಲ, ಅದು ನಮ್ಮ ಹಾಗೇ ಉಸಿರು ಬಿಡ್ತದೆ," ಎಂದ.

ನೋಟಗಾರನ ಸನ್ನೆಗಳನ್ನೂ ಕಲಿತ. ಬಿಳಿ ಬಟ್ಟೆಯನ್ನು ಮೇಲೆತ್ತಿದರೆ ಪಾಂಡಿ ಹೊರಡಬೇಕು. ಬಲಗೈಯಲ್ಲಿ ಬೀಸಿದರೆ ಬಡಗಿಗೆ, ಎಡಗೈಯಲ್ಲಿ ಬೀಸಿದರೆ ತೆಂಕಿಗೆ, ಬೀಸುವುದು ನಿಲ್ಲುವವರೆಗೂ ತಿರುಗುತ್ತಲೇ ಇರಬೇಕು. ತಲೆಯ ಸುತ್ತ ತಿರುಗಿಸಿದರೆ ಬಲೆ ಬಿಡಬೇಕು. ಹಿಂದಕ್ಕೆ ಬನ್ನಿ ಎನ್ನುವುದಕ್ಕೆ ಸನ್ನೆ ಇರಲಿಲ್ಲ. ಮೂತಿಗೆ ಕಾಯಿ ಒಡೆದು ನೀರಿಗಿಳಿದ ಪಾಂಡಿಯನ್ನು ದಂಡೆಯವರು ಹಿಂದೆ ಕರೆಯಬಾರದು. ಕರೆದರೆ ಆ ಹಂಗಾಮು ಬಲೆಗೆ ಏಳಿಗೆಯಿಲ್ಲ ಎಂದು ನಂಬಿಕೆ. ಎಲ್ಲಿಗೆ ಹೊರಟಿರಿ ಎಂದೂ ಕೇಳುತ್ತಿರಲಿಲ್ಲ.

ನವರಾತ್ರಿ ಕಳೆದ ಒಂದು ಬೆಳಿಗ್ಗೆ ನೇರ ಎದುರಿಗೆ ನೀರು ಕಪ್ಪಾಗಿ ಕಂಡಿತು. ಮೇಲೆ ಹಕ್ಕಿಗಳು ಸುತ್ತುತ್ತಿದ್ದವು. ಬಂಗಡೆಯ ಹಿಂಡು ಎಂದುಕೊಂಡು ದುರ್ಗ ಬಟ್ಟೆ ಎತ್ತಿದ. ಕಾಯಿ ಒಡೆದರು, ಬೀರನೇ ಮುಂದೆ ಕೂತ, ಪಾಂಡಿ ಹೊರಟಿತು.

ಪಾಂಡಿ ಅರ್ಧ ದೂರ ಹೋಗಿರಬೇಕು. ದುರ್ಗನಿಗೆ ಏನೋ ಸರಿಕಾಣಲಿಲ್ಲ. ಬಂಗಡೆಯ ಹಿಂಡಾದರೆ ಅಂಚು ಒಡೆದು ಒಡೆದು ಸೇರುತ್ತದೆ. ಈ ಕಪ್ಪಿನ ಅಂಚು ಒಡೆಯಲೇ ಇಲ್ಲ. ಹಕ್ಕಿಗಳು ಸುತ್ತಲೂ ಎರಗುತ್ತಿದ್ದವು, ನಡುವಿನ ಕಪ್ಪಿಗೆ ಎರಗುತ್ತಿರಲಿಲ್ಲ. ಹಂದಿಮೀನುಗಳೂ ಅದನ್ನು ಬಳಸಿ ದೂರದಿಂದ ಹಾಯುತ್ತಿದ್ದವು.

ಏನದು? ಅವನಿಗೆ ಗೊತ್ತಾಗಲಿಲ್ಲ. ಬಂಡೆಯಂತೂ ಅಲ್ಲ, ಅಲ್ಲಿ ಬಂಡೆಯಿಲ್ಲ. ಪಾಂಡಿಯಲ್ಲಿದ್ದವರು ನೀರಿನ ಮಟ್ಟದಲ್ಲಿದ್ದವರು, ತಾಗುವವರೆಗೆ ಅವರಿಗೆ ಕಾಣದು. ಅದು ಬಂಗಡೆಯೇ ಆಗಿದ್ದು ತಾನು ತಿರುಗಿಸಿದರೆ ಪಾಲು ಹೋಯಿತು. ಅಲ್ಲವಾಗಿದ್ದು ಸುಮ್ಮನಿದ್ದರೆ ಊರಿನ ಬಲೆ ಹೋಯಿತು, ಅಕ್ಕನ ಗಂಡನೂ ಹೋದ. ಕಾಯಿ ಒಡೆದು ಹೊರಟವರನ್ನು ಕೂಗಿ ಕರೆಯುವ ಹಾಗೂ ಇಲ್ಲ. ಜಟಗನ ಕಲ್ಲಿನ ಕಡೆ ಒಮ್ಮೆ ನೋಡಿ, ಬಟ್ಟೆಯನ್ನು ಎಡಗೈಗೆ ತೆಗೆದುಕೊಂಡು ಬೀಸಿದ.

ಪಾಂಡಿ ತೆಂಕಿಗೆ ತಿರುಗಿತು. ಇನ್ನೂ ಬೀಸಿದ. ಮತ್ತಷ್ಟು ತಿರುಗಿತು. ಕೈ ಇಳಿಸಲಿಲ್ಲ. ಬೀರ ಎದ್ದು ನಿಂತು ಗುಡ್ಡದ ಕಡೆ ಕೈಯಾಡಿಸಿ ಏನೋ ಬೈಯುವುದು ಕಂಡಿತು. ದುರ್ಗ ಬೀಸುತ್ತಲೇ ಇದ್ದ. ತಿರುಗುತ್ತ ತಿರುಗುತ್ತ ಪಾಂಡಿಯ ಮೂತಿ ದಂಡೆಗೆ ಬಂತು, ಕೊನೆಗೆ ಹೊರಟ ಮರಳಿಗೇ ಬಂದು ಕುಟ್ಟಿತು.

ಅವನು ಗುಡ್ಡ ಇಳಿದು ಓಡಿಬರುವಷ್ಟರಲ್ಲಿ ಬೀರ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ.

"ಏ ದುರ್ಗಾ! ನಾವೆಂತ ಗಾಣದ ಎತ್ತಾ? ಸುತ್ತಿಸಿ ಸುತ್ತಿಸಿ ಇಲ್ಲಿಗೇ ತಂದು ಕಟ್ಟಿದ್ಯಲ್ಲ!"

"ಭಾವ, ಅದು ಬಂಗಡೆ ಅಲ್ಲ."

"ಬಂಗಡೆ ಅಂತ ಬಟ್ಟೆ ಎತ್ತಿದವ ನೀನೇ ಅಲ್ವಾ?"

"ಹೌದು. ತಪ್ಪಿತು."

"ಹಂಗಾರೆ ಅದು ಎಂತದು?"

"ಗೊತ್ತಿಲ್ಲ."

"ಗೊತ್ತಿಲ್ಲ!" ಬೀರ ಉಳಿದವರ ಕಡೆ ತಿರುಗಿದ. "ಕೇಳಿದ್ರಾ? ಹೊಟ್ಟೆಯೂ ನೆಟ್ಟಗಿಲ್ಲ, ಕಣ್ಣೂ ನೆಟ್ಟಗಿಲ್ಲ. ಹೊರಟ ಪಾಂಡಿ ಹಿಂದೆ ಬಂತು, ಹಂಗಾಮು ಹಾಳಾತು. ಸಂಜೆಗೆ ಬೇರೆ ನೋಟಗಾರನ್ನ ನೋಡುವ."

ದುರ್ಗ ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ. ಮೀನಿಗೆಂದು ಬುಟ್ಟಿ ತಂದಿದ್ದ ಗಂಗಿ ಅಲ್ಲೇ ಇದ್ದಳು. ಅವಳೇ ಮೊದಲು, "ಅಯ್ಯೋ, ಅಲ್ಲಿ ನೋಡಿ!" ಎಂದಳು.

ಕಪ್ಪಾಗಿದ್ದ ನೀರಿನಿಂದ ಹೊಗೆಯಂಥ ಕಂಬವೊಂದು ಎದ್ದು ನಿಂತಿತ್ತು, ಹಂಡೆಯ ಮುಚ್ಚಳ ಒಮ್ಮೆಲೇ ತೆಗೆದ ಹಾಗೆ. ಸ್ವಲ್ಪ ತಡೆದು ಅದರ ಸದ್ದು ದಂಡೆ ಮುಟ್ಟಿತು. ಆಮೇಲೆ ಬೆನ್ನು ಎದ್ದಿತು. ಎದ್ದೇ ಎದ್ದಿತು, ಮುಗಿಯಲೇ ಇಲ್ಲ. ಪಾಂಡಿಗಿಂತ ಉದ್ದ. ಬಲೆ ಎಲ್ಲಿ ಬೀಳಬೇಕಿತ್ತೋ ಅದೇ ಜಾಗ.

"ದೇವಮಾಸ," ಎಂದ ಕುಪ್ಪಜ್ಜ. ಕಣ್ಣು ಕಾಣದವನು ಉಸಿರು ಕೇಳಿಯೇ ಹೇಳಿದ್ದ. ತಿಮಿಂಗಿಲಕ್ಕೆ ಅವರ ಕಡೆ ಅದೇ ಹೆಸರು. ಬೀರ ತಲೆಯ ಮುಂಡಾಸು ತೆಗೆದು ಕೈಮುಗಿದ. ದಂಡೆಯಲ್ಲಿದ್ದವರೆಲ್ಲ ಮುಗಿದರು. ಯಾರೋ ಮಕ್ಕಳನ್ನು ಎತ್ತಿ ತೋರಿಸಿದರು.

ಎಲ್ಲ ಶಾಂತವಾದ ಮೇಲೆ ಒಬ್ಬ ಮುದುಕ ಕೇಳಿದ, "ಹಂಗಾರೂ ಪಾಂಡಿ ಹಿಂದೆ ಕರೆದ ಹಾಗೆ ಆತಲ್ಲ?"

"ನಾ ಕರಿಲಿಲ್ಲ," ಎಂದ ದುರ್ಗ. "ತೆಂಕಿಗೆ ಅಂದೆ, ಅಷ್ಟೇಯ."

ಬೀರ ನಗಲು ಶುರುಮಾಡಿದವನು ಮರಳ ಮೇಲೆ ಕೂತುಬಿಟ್ಟ. "ಹೌದು ಮಾರಾಯ! ತೆಂಕಿಗೆ ಅಂದ, ನಾವೇ ಇಲ್ಲಿಗೆ ಬಂದು ಮುಟ್ಟಿದೆವು. ಕಳ್ಳ!" ಕಾಯಿಗೆ ದೋಷವಿಲ್ಲ, ನೋಟಗಾರ ದುರ್ಗನೇ, ಪಾಲು ಉಳಿದವರ ಸಮ ಎಂದು ಅಲ್ಲೇ ತೀರ್ಮಾನವಾಯಿತು.

ಸಣ್ಣ ಮೀನು ಇದ್ದಷ್ಟು ದಿನ ದೇವಮಾಸವೂ ಅಲ್ಲೇ ಸುತ್ತಾಡುತ್ತಿತ್ತು. ಕುಮಟೆಯ ಪೇಟೆಯಿಂದಲೂ ಜನ ಬಂದು ಗುಡ್ಡದ ಮೇಲೆ ನಿಂತು ನೋಡಿದರು. ಕೆಲವರು ದೋಣಿಯಲ್ಲಿ ದೂರದಿಂದ ಹೋಗಿ ಕೈಮುಗಿದು ಬಂದರು. ಕಡಲು ಎಣ್ಣೆ ಹಾಕಿದಂತೆ ನುಣ್ಣಗಿದ್ದ ಒಂದು ಬೆಳಿಗ್ಗೆ ಬೀರ ತಾನೇ ಗುಡ್ಡ ಹತ್ತಿ ಬಂದ.

"ಏಳು. ದೋಣಿ ತಯಾರು ಉಂಟು. ನಿನ್ನ ಅಲ್ಲಿಗೆ ಕರ್ಕಂಡು ಹೋಗ್ತೆ. ತಳದಲ್ಲಿ ಚಾಪೆ ಹಾಕಿದ್ದೆ, ಮಲಗಿಕೊ. ಮೆಲ್ಲ ಹುಟ್ಟು ಹಾಕ್ತೆವು, ಯಾರೂ ನಗೂದಿಲ್ಲ. ನಿನ್ನ ಅಕ್ಕನ ಮೇಲಾಣೆ."

ದುರ್ಗ ಕೆಳಗಿನ ದೋಣಿಯನ್ನು ನೋಡಿದ, ಆಚೆ ನೀರನ್ನು ನೋಡಿದ. ಆಸೆಯಾಗದೆ ಇರಲಿಲ್ಲ. ಎದ್ದು ನಿಂತವನು ಮತ್ತೆ ಕೂತ.

"ಬೇಡ ಭಾವ. ಅಲ್ಲಿಗೆ ಬಂದ್ರೆ ನಾ ನೋಡೂದು ಚಾಪೆಯನ್ನೇ. ನೀವು ಹೋಗಿ. ಅದ್ಕೆ ಕಣ್ಣು ಎಲ್ಲುಂಟು, ಎಷ್ಟು ದೊಡ್ಡದು, ಸರಿಯಾಗಿ ನೋಡ್ಕಂಡು ಬಂದು ಹೇಳಿ."