ಓಂಕಾರಪ್ಪನವರ ಗರಗರ

"ರೇಡಿಯೋದಲ್ಲಿ ಹೇಳಿದ್ರಂತೆ" ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಓಂಕಾರಪ್ಪನವರ ಬಲಗೈ ಕಿವಿಯ ಸಂದಿನಲ್ಲಿದ್ದ ಪೆನ್ಸಿಲ್ಲಿಗೆ ಹೋಗುತ್ತಿತ್ತು. "ಯಾವ ಸ್ಟೇಷನ್ನು? ಯಾವತ್ತು? ಎಷ್ಟ್ ಗಂಟೆ? ಹೇಳಿದ್ದು ಯಾರು? ನೀನೇ ಕೇಳಿದ್ದಾ, ಇಲ್ಲಾ ಕೇಳ್ದೋರನ್ನ ಕೇಳಿದ್ದಾ?" ಮೂರನೆಯ ಪ್ರಶ್ನೆಯ ಹೊತ್ತಿಗೆ ಎದುರಿನವರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಐದನೆಯದನ್ನು ದಾಟಿ ನಿಂತವರನ್ನು ನಾನು ನೋಡಿದ್ದು ಕಡಿಮೆ.

ಅಜ್ಜಂಪುರದಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲಿ ಅವರ ಮನೆ. ಅವರ ಮಗಳು ಗಿರಿಜ ನನ್ನ ಜೊತೆ ಓದುತ್ತಿದ್ದವಳು. ಎಪ್ಪತ್ತರ ದಶಕದ ಮೊದಲ ವರ್ಷಗಳವು, ಮನೆಮನೆಗೆ ಟ್ರಾನ್ಸಿಸ್ಟರ್ ಇನ್ನೂ ಬಂದಿರಲಿಲ್ಲ. ಪಂಚಾಯಿತಿಯ ರೇಡಿಯೋ ಓಂಕಾರಪ್ಪನವರ ಸುಪರ್ದಿನಲ್ಲಿತ್ತು. ಸಂಜೆ ಅವರು ಬೀಗ ತೆಗೆದು, ಪೆಟ್ಟಿಗೆಯ ಧೂಳನ್ನು ಹೆಗಲ ಟವೆಲಿನಿಂದ ಒರೆಸಿ ಗುಂಡಿ ತಿರುಗಿಸಿದರೆ ಹೊರಗೆ ಕಂಬದ ಮೇಲಿನ ಸ್ಪೀಕರು ಕೆಮ್ಮಿ ಎದ್ದು ಮಾತಾಡುತ್ತಿತ್ತು. ರೈತರ ಕಾರ್ಯಕ್ರಮ ಕೇಳಲು ಕಟ್ಟೆಯ ಮೇಲೆ ನಲವತ್ತು ಐವತ್ತು ಜನ ಸೇರುತ್ತಿದ್ದರು.

ತಮಾಷೆಯೆಂದರೆ, ಊರಿನವರ ಲೆಕ್ಕದಲ್ಲಿ ರೇಡಿಯೋ ಹೇಳಿದ್ದಕ್ಕೆಲ್ಲ ಓಂಕಾರಪ್ಪನವರೇ ಜವಾಬ್ದಾರರು. "ಏನಪ್ಪಾ, ಇವತ್ತು ಮಳೆ ಬತ್ತದೆ ಅಂದಿದ್ದೆ, ಎಲ್ಲಿ?" ಎಂದು ನಡುಬೀದಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಒಂದು ವರ್ಷ ಇದು ವಿಕೋಪಕ್ಕೆ ಹೋಯಿತು. ಈರುಳ್ಳಿಯನ್ನು ಎಲೆ ಹಸಿರಾಗಿರುವಾಗಲೇ ಕೀಳಬೇಕೆಂದು ರೇಡಿಯೋ ಹೇಳಿತೆಂಬ ಸುದ್ದಿ ಹಬ್ಬಿ, ಮೂರು ಹೊಲದವರು ಕಿತ್ತೇಬಿಟ್ಟರು. ಎಳೇ ಗೆಡ್ಡೆ ಕೊಳೆಯತೊಡಗಿದ ಮೇಲೆ ಎರಡು ಮೂಟೆ ತಂದು ಓಂಕಾರಪ್ಪನವರ ಜಗುಲಿಯ ಮೇಲೆ ಸುರಿದರು.

"ನಾನು ಗುಂಡಿ ತಿರುಗ್ಸೋನು ಕಣ್ರಪ್ಪ, ಮಾತಾಡೋನಲ್ಲ!"

"ನಿನ್ ರೇಡಿಯೋನೇ ತಾನೆ? ಅದೇನ್ ಹೇಳ್ತು, ನೀನೇ ಹೇಳು ಮತ್ತೆ."

ಅಲ್ಲಿಗೆ ಅವರು ಸಿಕ್ಕಿಬಿದ್ದರು. 'ಹಸಿರಾಗಿರುವಾಗ ಕೀಳಬೇಡಿ' ಎಂದೇ ಹೇಳಿರಬೇಕು, ಆದರೆ ಆಣೆ ಮಾಡಿ ಹೇಳುವಷ್ಟು ನೆನಪು ಅವರಿಗೂ ಇರಲಿಲ್ಲ. ಆಮೇಲೆ ಎಂಟು ದಿನ ಅವರ ಮನೆಯಲ್ಲಿ ಈರುಳ್ಳಿ ಹುಳಿ, ಈರುಳ್ಳಿ ಪಲ್ಯ, ಈರುಳ್ಳಿ ರೊಟ್ಟಿ. ಗಿರಿಜ ಶಾಲೆಗೆ ಬಂದರೆ ಬೆಂಚಿನಲ್ಲಿ ನಾವು ಸ್ವಲ್ಪ ದೂರ ಸರಿದು ಕೂರುತ್ತಿದ್ದೆವು.

ಒಂಬತ್ತನೆಯ ದಿನ ಅವರು ಇನ್ನೂರು ಪುಟದ ನೋಟ್‌ಬುಕ್ಕು ಕೊಂಡು ರಟ್ಟಿನ ಮೇಲೆ 'ಕೇಳಿಕೆ ಪುಸ್ತಕ' ಎಂದು ಬರೆದರು. ಅಂದಿನಿಂದ ಗುಂಡಿ ತಿರುಗಿಸಿದ ಕೈ ಪೆನ್ಸಿಲ್ ಹಿಡಿಯತೊಡಗಿತು. ಮೊದಲು ಮಾತಾಡಿದವರ ಅಥವಾ ಹಾಡಿದವರ ಹೆಸರು, ಊರು. ಆಮೇಲೆ ಕಾರ್ಯಕ್ರಮ, ಸ್ಟೇಷನ್ನು, ತಾರೀಕು, ಶುರುವಾದ ಗಂಟೆ, ಮುಗಿದ ಗಂಟೆ. ಹೇಳಿದ ಮಾತನ್ನು ಹೇಳಿದ ಹಾಗೇ ಬರೆದಿದ್ದರೆ ಎರಡೂ ಕಡೆ ಗೀಟು, ಸಾರಾಂಶವಾದರೆ ಗೀಟಿಲ್ಲ. ರೇಡಿಯೋ ತಡವಾಗಿ ಹಾಕಿ ಶುರುವಿನ ಮಾತು ತಪ್ಪಿದ್ದರೆ 'ತಲೆ ಸಿಕ್ಕಿಲ್ಲ' ಎಂಬ ಷರಾ. ಮೋಡವೋ ಗುಡುಗೋ ಅಡ್ಡಬಂದು ಕೇಳಿಸದೇ ಹೋದ ಜಾಗದಲ್ಲಿ 'ಗರಗರ' ಎಂದು ಬರೆಯುತ್ತಿದ್ದರು. ಆ ಪುಸ್ತಕದಲ್ಲಿ ಮಳೆಗಾಲದ ಪುಟಗಳ ತುಂಬ ಗರಗರವೇ. ಊಹೆ ಮಾಡಿ ಒಂದು ಅಕ್ಷರವನ್ನೂ ತುಂಬಿದವರಲ್ಲ.

ಗಿರಿಜಳಿಗೆ ಗಂಡು ಬಂದಾಗಲೂ ಈ ಪುಸ್ತಕ ಸುಮ್ಮನಿರಲಿಲ್ಲ. ತರೀಕೆರೆ ಕಡೆಯ ಹುಡುಗ, ಲಕ್ಷಣವಾಗಿದ್ದ. ಬಾಗಿಲ ಸಂದಿಯಿಂದ ನೋಡಿದ ಗಿರಿಜ ನನ್ನ ಕೈಯನ್ನು ಹಿಂಡಿ ಕೆಂಪು ಮಾಡಿದ್ದಳು. ಎಲ್ಲ ಸುಸೂತ್ರವಾಗಿ ನಡೆದಿರುವಾಗ ಹುಡುಗನ ಸೋದರಮಾವ ಎಲೆಯಡಿಕೆ ಮಡಿಸುತ್ತ, "ನಮ್ ಹುಡ್ಗ ಭದ್ರಾವತಿ ರೇಡಿಯೋದಲ್ಲಿ ಮಾತಾಡವ್ನೆ ಕಣ್ರೀ" ಎಂದುಬಿಟ್ಟರು. ಪೆನ್ಸಿಲ್ ಕೆಳಗಿಳಿಯಿತು. ಯಾವತ್ತು, ಎಷ್ಟು ಗಂಟೆ ಎಲ್ಲವನ್ನೂ ವಿಚಾರಿಸಿ, ಓಂಕಾರಪ್ಪನವರು ಒಳಗಿನಿಂದ ಪುಸ್ತಕ ತಂದು ಹಾಳೆ ಮಗುಚಿ ಗಟ್ಟಿಯಾಗಿ ಓದಿದರು:

"ಯುವಕರ ಕಾರ್ಯಕ್ರಮ. ಮಾತಾಡಿದವರು ಮೂವರು. ಇಗೋ ಹೆಸರು. ನಿಮ್ಮೋರು ಇಲ್ವಲ್ಲ?"

ಗಿರಿಜಳ ತಾಯಿ ಹಣೆ ಹಣೆ ಚಚ್ಚಿಕೊಂಡರು. ಸೋದರಮಾವನ ಮೀಸೆ ಅದುರತೊಡಗಿತ್ತು. ಆಗ ಆ ಹುಡುಗನೇ ತಲೆ ಎತ್ತಿದ. "ಮಾವ ಹೇಳಿದ್ದು ಸುಳ್ಳು ಸಾರ್. ನಾನು ಮಾತಾಡ್ಲಿಲ್ಲ. ಕೇಳಕ್ಕೆ ಕರ್ಸಿದ್ರು, ಕೂತಿದ್ದೆ. ಕೊನೇಲಿ ಚಪ್ಪಾಳೆ ಬಂತಲ್ಲ, ಅದ್ರಲ್ಲಿ ನಾನೂ ಇದೀನಿ."

ಓಂಕಾರಪ್ಪನವರು ಪುಸ್ತಕಕ್ಕೆ ಬಗ್ಗಿ ನೋಡಿದರು. "ಹೌದು ಕಣಯ್ಯ, ಚಪ್ಪಾಳೆ ಅಂತ ಬರ್ದಿದೀನಿ!" ಎಂದು ಕೂಗಿ, ಅಲ್ಲೇ ಮಗ್ಗುಲಲ್ಲಿ ಹುಡುಗನ ಹೆಸರು ಸೇರಿಸಿ, ಆವತ್ತಿನ ತಾರೀಕು ಹಾಕಿದರು. "ಇಷ್ಟ್ ನಿಜ ಹೇಳೋ ಹುಡ್ಗನ್ನ ನಾನೆಲ್ಲಿ ಹುಡುಕ್ಲಿ? ಲೇ, ಸಕ್ಕರೆ ತಗಂಬಾರೇ!" ಆ ಮದುವೆಯಲ್ಲಿ ನಾನು ತಿಂದಷ್ಟು ಹೋಳಿಗೆಯನ್ನು ನನ್ನ ಮದುವೆಯಲ್ಲೂ ತಿಂದಿಲ್ಲ.

ಎಂಬತ್ತರ ದಶಕ ಬಂತು. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತ, ಬೀಸುವ ಪದಗಳ ಮೇಲೆ ಪ್ರಬಂಧ ಬರೆಯುತ್ತಿದ್ದೆ. ನನ್ನ ಬರವಣಿಗೆಯೆಲ್ಲ ನಿಂತಿದ್ದು ದೇವನೂರು ಕಡೆಯ ಕೆಂಚಮ್ಮ ಎಂಬ ಅಜ್ಜಿಯ ಹಾಡುಗಳ ಮೇಲೆ. ಆಕೆ ರೇಡಿಯೋದಲ್ಲಿ ನಾಲ್ಕು ಸಲ ಹಾಡಿ, ನಾನು ಹುಡುಕಿಕೊಂಡು ಹೋಗುವಷ್ಟರಲ್ಲಿ ತೀರಿಹೋಗಿದ್ದಳು. ಆ ಹಾಡುಗಳು ಉಳಿದಿದ್ದದ್ದು ಓಂಕಾರಪ್ಪನವರ ಪುಸ್ತಕದಲ್ಲಿ ಮಾತ್ರ. ಅದನ್ನು ಪರೀಕ್ಷಕರು ಒಪ್ಪದಿದ್ದರೆ ನನ್ನ ಎರಡು ವರ್ಷ ನೀರಲ್ಲಿ ಹೋಮ.

ರಜೆಯಲ್ಲಿ ಅವರ ಜಗುಲಿಯ ಮೇಲೆ ಕೂತು ಗೋಳಾಡಿದೆ. "ಪುಸ್ತಕವಾದರೆ ಪುಟ ಹಾಕಬಹುದು. ರೇಡಿಯೋಗೆ ಪುಟ ಎಲ್ಲಿಂದ ತರಲಿ?"

"ಗಂಟೆನೇ ಪುಟ ಕಣವ್ವ, ನಿಮಿಷನೇ ಸಾಲು. ಹಾಡ್ದೋಳ ಹೆಸ್ರು ಮೊದ್ಲು ಹಾಕು. ಪೆಟ್ಗೆ ಹಾಡಲ್ಲ."

ಹಾಗೆಯೇ ಬರೆದೆ. ಕಡೂರಿನಲ್ಲಿ ಟೈಪು ಮಾಡಿಸಿ ಊರಿಗೆ ತಂದು ಹೆಮ್ಮೆಯಿಂದ ಅವರ ಕೈಗಿಟ್ಟೆ. ಕನ್ನಡಕ ಏರಿಸಿ ಓದುತ್ತಿದ್ದವರ ಬೆರಳು ಒಂದು ಕಡೆ ನಿಂತಿತು.

ರಾಗಿ ಬೀಸೋ ಕಲ್ಲೇ, ರಾಗ ನಿಂದು ಮಾತು ನಂದು
ಕೂಗಿ ಕೇಳ್ಯಾರೆ ತವರೋರು, ಅವರೀಗೆ
ಹೋಗಿ ಹೇಳವ್ವ ಸುಖವಂತ

"ಈ ಮೂರನೇ ಸಾಲು ಎಲ್ಲಿತ್ತು?"

ನನ್ನ ಮುಖ ಸುಟ್ಟ ಬದನೆಕಾಯಿಯಾಯಿತು. ಪುಸ್ತಕದಲ್ಲಿ ಅಲ್ಲಿದ್ದದ್ದು ಗರಗರ. ಚೆಂದದ ಪದ್ಯ ಮೊಂಡಾಗಿ ನಿಲ್ಲುತ್ತದಲ್ಲ ಎಂದು ನಾನೇ ಪ್ರಾಸ ಕೂಡಿಸಿ ತುಂಬಿದ್ದೆ.

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಸುಖ ಅಂದ್ಳೋ, ದುಃಖ ಅಂದ್ಳೋ, ನಿಂಗೇನ್ ಗೊತ್ತವ್ವಾ? ಆ ಮುದ್ಕಿ ಎದ್ಬಂದು ನಾನಿಂಗ್ ಹೇಳಿಲ್ಲ ಅನ್ನೋಕಾಯ್ತದಾ? ನೀನೊಂದು ಸಾಲು ತುಂಬಿದ್ರೆ, ಮಿಕ್ಕಿದ್ದೂ ನೀನೇ ತುಂಬಿದೀಯ ಅಂತಾರೆ ಕಣವ್ವ."

ಮಾರನೆಯ ದಿನ ಕಡೂರಿಗೆ ಮೊದಲ ಬಸ್ಸು ಹತ್ತಿದೆ. ಆ ಹಾಳೆಯನ್ನು ಮತ್ತೆ ಟೈಪು ಮಾಡಿಸಿದೆ. ಟೈಪಿನಾಕೆ 'ಗರಗರ' ಎಂಬುದನ್ನು ನೋಡಿ, "ಇದು ತಪ್ಪಿರಬೇಕು ಕಣ್ರೀ" ಎಂದಳು. ಸರಿಯಾಗೇ ಇದೆ, ಹೊಡೆಯಿರಿ ಎಂದೆ.

ಮೌಖಿಕ ಪರೀಕ್ಷೆಯ ದಿನ ನಾನು ಹೆದರಿದ್ದೇ ಆಯಿತು. ಹಿರಿಯ ಪರೀಕ್ಷಕರು ಪ್ರಬಂಧವನ್ನು ದೂರ ಸರಿಸಿ, "ರೇಡಿಯೋ ಮಾತು ಗಾಳಿಯಲ್ಲಿ ಹೋದ ಮಾತು. ಈ ಹಾಡುಗಳನ್ನು ನೀವೇ ಕಟ್ಟಿಲ್ಲ ಎನ್ನುವುದಕ್ಕೆ ಏನು ಆಧಾರ?" ಎಂದರು. ಬ್ಯಾಗಿನಿಂದ ಕೇಳಿಕೆ ಪುಸ್ತಕ ತೆಗೆದು ಮುಂದಿಟ್ಟೆ. ಅವರು ಬಹಳ ಹೊತ್ತು ಹಾಳೆ ತಿರುವಿದರು. ನನ್ನ ಪ್ರಬಂಧದ ಆ ಪುಟವನ್ನೂ ಪಕ್ಕದಲ್ಲಿಟ್ಟು ನೋಡಿದರು. ಗರಗರಕ್ಕೆ ಗರಗರ ತಾಳೆಯಾಯಿತು. ಅವರ ಮುಖದಲ್ಲಿ ನಗು ಮೂಡಿತು. "ಕೇಳಿಸಲಿಲ್ಲ ಎಂದು ಇಷ್ಟು ಕಡೆ ಬರೆದುಕೊಂಡಿರುವ ಮನುಷ್ಯ, ಕೇಳಿಸಿತು ಎಂದದ್ದನ್ನು ನಂಬಬಹುದು," ಎಂದು ಸಹಿ ಹಾಕಿದರು. ಊರಿಗೆ ಬಂದು ಇದನ್ನು ಹೇಳಿದರೆ ಓಂಕಾರಪ್ಪನವರು ಕೇಳಿದ್ದು ಒಂದೇ: "ಅವ್ರು ಹೀಗೇ ಅಂದ್ರಾ, ಇಲ್ಲಾ ನೀನು ಸಾರಾಂಶ ಹೇಳ್ತಿದೀಯಾ?"

ತರೀಕೆರೆಯಲ್ಲಿ ಗಿರಿಜಳ ಮನೆಗೆ ಟೀವಿ ಬಂದಾಗ ಅವರು ಹೊಸ ಪುಸ್ತಕ ಹಿಡಿದು ಹೋದರು. 'ಕಂಡದ್ದು', 'ಕೇಳಿದ್ದು' ಎಂದು ಎರಡು ಕಾಲಂ. 'ಕಂಡದ್ದು: ಮಂತ್ರಿಗಳು ಗಿಡ ನೆಟ್ಟರು. ಕೇಳಿದ್ದು: ಹಿಂದಿ, ತಿಳಿಯಲಿಲ್ಲ' ಎಂದು ಒಂದು ನಮೂದು. ಇನ್ನೊಂದರಲ್ಲಿ, 'ಕಂಡದ್ದು: ಕೆಮ್ಮಣ್ಣುಗುಂಡಿ ಅಂದರು, ನನಗೆ ಹಾಗೆ ಕಾಣಲಿಲ್ಲ. ಅಳಿಯ ಆಂಟೆನಾ ತಿರುಗಿಸಿದ ಮೇಲೆ ಕಂಡಿತು.' ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರೆ ಅವರೂ ಸೇರಿ ನಗುತ್ತಿದ್ದರು.

ಅದಾದ ಸ್ವಲ್ಪ ಕಾಲಕ್ಕೆ ರೇಡಿಯೋದಲ್ಲಿ ಬರೀ ಗರಗರ ಬರುತ್ತಿದೆಯೆಂದು ಅವರು ಪೆಟ್ಟಿಗೆಯನ್ನು ಕಡೂರಿನ ರಿಪೇರಿಯವನ ಹತ್ತಿರ ಹೊತ್ತೊಯ್ದರು. ಅವನು ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲವೆಂದು ವಾಪಸು ಕೊಟ್ಟ. ಆವತ್ತಿನ ಪುಟದಲ್ಲಿ ಅವರು ಬರೆದದ್ದನ್ನು ನಾನೇ ಕಣ್ಣಾರೆ ಓದಿದ್ದೇನೆ: 'ಇನ್ನು ಮುಂದೆ ಗರಗರ ಅಂತ ಇದ್ದರೆ ಅದು ಸ್ಟೇಷನ್ನಿನ ತಪ್ಪಲ್ಲ. ನನ್ನ ಕಿವಿಯದು.'

ನಾನು ಅವರನ್ನು ಕೊನೆಯ ಸಲ ನೋಡಿದ್ದು ಅಜ್ಜಂಪುರದ ರೈಲ್ವೆ ಸ್ಟೇಷನ್ನಿನಲ್ಲಿ. ಗಂಡನ ಜೊತೆ ಹುಬ್ಬಳ್ಳಿಗೆ ಹೊರಟಿದ್ದೆ. ಕಳಿಸಲು ಬಂದಿದ್ದ ಅವರು ಕಿಟಕಿಯೊಳಗೆ ಒಂದು ಸಣ್ಣ ಪೊಟ್ಟಣ ತೂರಿದರು. ರೈಲು ಅಲುಗಿತು. ಅವರು ಪ್ಲಾಟ್‌ಫಾರಂ ಮೇಲೆ ಜೊತೆಜೊತೆಗೇ ಹೆಜ್ಜೆ ಹಾಕುತ್ತ ಏನೋ ಹೇಳತೊಡಗಿದರು, ಅಷ್ಟರಲ್ಲೇ ಎಂಜಿನ್ನು ಸಿಳ್ಳೆ ಹಾಕಿತು. ಅವರಿಗೆ ಸಿಳ್ಳೆ ಕೇಳಿಸಲಿಲ್ಲವೇನೋ, ಹೇಳುತ್ತಲೇ ಇದ್ದರು, ನಗುತ್ತಲೇ ಇದ್ದರು. ಪೊಟ್ಟಣ ಬಿಚ್ಚಿದರೆ ಹೊಸ ನೋಟ್‌ಬುಕ್ಕು, ಹೆರೆದಿಟ್ಟ ಪೆನ್ಸಿಲ್ಲು.

"ಏನಂದರು?" ಎಂದು ನನ್ನ ಗಂಡ ಕೇಳಿದರು. "ನಿನ್ನನ್ನು ಹರಸಿದರು ಅನ್ನಿಸುತ್ತೆ."

ಇರಬಹುದು. ಅದೇ ಮಳೆಗಾಲದಲ್ಲಿ ಓಂಕಾರಪ್ಪನವರು ತೀರಿಕೊಂಡರೆಂದು ಗಿರಿಜ ಕಾಗದ ಬರೆದಾಗ, ಆ ಮಾತು ಏನಿದ್ದೀತೆಂದು ಊಹಿಸುತ್ತ ನಾನು ಬಹಳ ಅತ್ತೆ. ಎಷ್ಟೋ ಚೆಂದದ ಮಾತುಗಳು ಹೊಳೆದವು, ಒಂದನ್ನೂ ಬರೆಯಲಿಲ್ಲ. ಅವರು ಕೊಟ್ಟ ಪುಸ್ತಕದ ಮೊದಲ ಪುಟದಲ್ಲಿ ಆವತ್ತು ರೈಲಿನಲ್ಲೇ ಕೂತು ನಾನು ಬರೆದದ್ದು ಇವತ್ತಿಗೂ ಹಾಗೇ ಇದೆ:

'ಹೇಳಿದವರು: ಓಂಕಾರಪ್ಪನವರು, ಅಜ್ಜಂಪುರ. ಸ್ಥಳ: ರೈಲ್ವೆ ಸ್ಟೇಷನ್ನು. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನಾನೇ ಕೇಳಿದ್ದು. "ನೋಡವ್ವಾ, ನೀನು" ಗರಗರ.'