ಗಂಗಕ್ಕನ ತಿಂಗಳ ಹರಕೆ

ನನ್ನ ಓರಗಿತ್ತಿ ಗಂಗಕ್ಕ ಓಡುವುದನ್ನು ನಿಲ್ಲಿಸಿದ್ದು ನನ್ನ ಒಂದು ಸುಳ್ಳಿನಿಂದ. ಮಂಡಿ ನೋವು ಬಂದು ಬಿಟ್ಟರು ಎಂದು ನೆಂಟರಲ್ಲಿ ಕೆಲವರು ತಿಳಿದಿದ್ದಾರೆ. ನನ್ನೆದುರಿಗೇ ಹಾಗೆ ಅಂದಾಗ ನಾನೂ ತಲೆಯಾಡಿಸಿದ್ದೇನೆ — ಆಡಿಸಬಾರದಿತ್ತು. ಆಗ ಅವರ ಮಂಡಿಗೆ ಏನೂ ಆಗಿರಲಿಲ್ಲ. ಓಡಲಿಕ್ಕೆಂದೇ ಮಾಡಿದಂಥ ಕಾಲುಗಳವು.

ಗಂಗಕ್ಕ ನಮ್ಮ ಯಜಮಾನರ ಅಣ್ಣನ ಹೆಂಡತಿ. ಭಾವ ತೀರಿಕೊಂಡು ಬಹಳ ವರ್ಷವಾಯಿತು, ಅವರಿಗೆ ಮಕ್ಕಳಿಲ್ಲ. ಅಜ್ಜಂಪುರದ ನಮ್ಮ ಮನೆಯಲ್ಲಿ ಮಾವ, ನಾವು ಗಂಡ ಹೆಂಡತಿ, ಗಂಗಕ್ಕ — ಇಷ್ಟೇ ಜನ. ಯಜಮಾನರದು ಮೋಟಾರ್ ರಿಪೇರಿ ಅಂಗಡಿ. ನಾನು ಶಿವನಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅಡುಗೆಮನೆ ಪೂರ್ತಿ ಗಂಗಕ್ಕನದು. ಅವರು ಮಾಡಿಟ್ಟ ರೊಟ್ಟಿ ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತುವವಳು ನಾನು. ನನ್ನ ಬಾಯಿ ಜೋರು, ಶಾಲೆಯಲ್ಲಿ ಮಕ್ಕಳಷ್ಟೇ ಏಕೆ, ಹೆಡ್‌ಮಾಸ್ಟರೂ ಹೆದರುತ್ತಾರೆ. ಆದರೆ ಮಾವನ ಮುಂದೆ ನಿಂತರೆ ಆ ಬಾಯಿ ಎಲ್ಲಿ ಹೋಗುತ್ತದೋ ದೇವರೇ ಬಲ್ಲ.

ನನಗೆ ಸಕ್ಕರೆ ಕಾಯಿಲೆ ಹೊಸ್ತಿಲ ಮೇಲೆ ನಿಂತಿದೆ, ದಿನಾ ಬೆವರು ಬರುವ ಹಾಗೆ ನಡೆಯಿರಿ ಎಂದು ಬೀರೂರಿನ ಡಾಕ್ಟರು ಹೇಳಿದ್ದರಿಂದ ಎಲ್ಲ ಶುರುವಾಯಿತು. "ಒಬ್ಳೇ ಹೋಗ್ಬೇಡಮ್ಮಾ, ಗಂಗನ್ನ ಕರ್ಕೊಂಡೋಗು" ಎಂದು ಮಾವನೇ ಹೇಳಿದರು. ನನಗೆ ಕಾವಲಿಗೆಂದು ಬಂದವರು ಅಕ್ಕ. ಬೆಳಗಿನ ಜಾವ ಶಿವನಿ ರಸ್ತೆಯಲ್ಲಿ ಇಬ್ಬರೂ ಸೆರಗು ಹೊದ್ದು, ಸಾರಿನ ಪುಡಿ ಮುಗಿದದ್ದು, ಹಾಸ್ಟೆಲಿನಲ್ಲಿರುವ ನನ್ನ ಮಗಳ ಫೀಸು ಎಂದು ಮಾತಾಡಿಕೊಂಡು ನಡೆಯುತ್ತಿದ್ದೆವು. ಒಂದು ದಿನ ಇಟ್ಟಿಗೆ ಗೂಡಿನ ನಾಯಿ ಅಟ್ಟಿಸಿಕೊಂಡು ಬಂತು. ನಾನು ಕಲ್ಲು ಹುಡುಕುತ್ತಾ ನಿಂತೆ. ಅಕ್ಕ ನೆರಿಗೆ ಎತ್ತಿ ಹಿಡಿದು ಓಡಿದರು. ನಾಯಿ ಸುಸ್ತಾಗಿ ನಿಂತುಕೊಂಡಿತು, ಅಕ್ಕ ನಿಲ್ಲಲಿಲ್ಲ. ದೂರದ ಮೋರಿ ಕಟ್ಟೆಯ ಹತ್ತಿರ ನಿಂತು ಎದೆ ಹಿಡಿದುಕೊಂಡು ನಗುತ್ತಿದ್ದರು. "ಲೇ ಶೈಲಾ, ಸ್ಕೂಲಲ್ಲಿ ಖೋಖೋ ಆಡಿದ್ಮೇಲೆ ಓಡೇ ಇರ್ಲಿಲ್ಲ ಕಣೇ! ಕಾಲಿಗೆ ಇನ್ನೂ ನೆನಪೈತೆ!" ಅವರು ಅಷ್ಟು ದೊಡ್ಡದಾಗಿ ನಕ್ಕಿದ್ದನ್ನು ನಾನು ಆ ಮನೆಗೆ ಬಂದ ಮೇಲೆ ನೋಡಿರಲಿಲ್ಲ.

ಆಮೇಲೆ ನಡಿಗೆ ಓಟವಾಯಿತು. ಮೈಸೂರಿನಲ್ಲಿ ಮ್ಯಾರಥಾನ್ ಇದೆ ಎಂದು ಶಾಲೆಯ ಪಿ.ಟಿ. ಮೇಷ್ಟ್ರು ಮೊಬೈಲಿನಲ್ಲಿ ತೋರಿಸಿದಾಗ ನನಗೆ ಹುಚ್ಚು ಹತ್ತಿತು. ನಲವತ್ತೆರಡು ಕಿಲೋಮೀಟರು! ಇಲ್ಲಿಂದ ತರೀಕೆರೆಗೆ ಓಡಿ ಹೋಗಿ, ಮತ್ತೆ ಓಡಿ ಬಂದ ಹಾಗೆ. ಒಂದೇ ಸಲಕ್ಕೆ ಅಷ್ಟು ದೂರ ನೋಡಬೇಡಿ, ತಿಂಗಳಿಗೊಂದು ಗುರಿ ಇಟ್ಟುಕೊಳ್ಳಿ ಎಂದು ಮೇಷ್ಟ್ರೇ ಹೇಳಿದರು. ಅಕ್ಕನಿಗೆ ಹೇಳಿದೆ. ಅವರು ಮೋರಿ ಕಟ್ಟೆಯ ಮೇಲೆ ಕೂತು ಸ್ವಲ್ಪ ಯೋಚನೆ ಮಾಡಿ, "ಗುರಿ ಅಂದ್ರೆ ತಪ್ಪೋಯ್ತು ಬಿಡು ಅಂತ ಸುಮ್ನಾಗ್ಬೋದು ಕಣೇ. ಹರಕೆ ಅನ್ನು. ಹರಕೆ ಹೊತ್ಕೊಂಡ್ರೆ ತೀರಿಸ್ಲೇಬೇಕು" ಅಂದರು. ಅಲ್ಲಿಂದ ಅದು ನಮ್ಮ ತಿಂಗಳ ಹರಕೆಯಾಯಿತು. ಒಂದನೇ ತಾರೀಕು ಆ ಕಟ್ಟೆಯ ಮೇಲೆ ಕೂತು ಇಬ್ಬರೂ ಒಂದೊಂದು ಹರಕೆ ಹೇಳಬೇಕು, ಇನ್ನೊಬ್ಬಳು "ಆಗ್ಲಿ" ಅನ್ನಬೇಕು.

ನನ್ನ ಹರಕೆಗಳೆಲ್ಲ ದೂರದ್ದು, ವೇಗದ್ದು, ಕಾಫಿಗೆ ಸಕ್ಕರೆ ಬಿಡುವುದು — ಇಂಥವು. ಅಕ್ಕನವು ಬೇರೆ ಥರ. ಮೊದಲ ತಿಂಗಳು ರೈಲ್ವೆ ಗೇಟಿನ ತನಕ ನಿಲ್ಲದೆ ಓಡುವುದು ಎಂದರು, ಅದು ಸರಿ. ಎರಡನೆಯ ತಿಂಗಳು, "ಎದ್ರಿಗೆ ಯಾರಾದ್ರೂ ಬಂದ್ರೆ ತಲೆ ತಗ್ಗಿಸಲ್ಲ" ಅಂದರು. ಅದೂ ಒಂದು ಹರಕೆಯೇ ಎಂದು ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಆ ತಿಂಗಳು ಹಾಲಿನ ಕ್ಯಾನಿನವರು, ಹೊಲಕ್ಕೆ ಹೋಗುವವರು ಎದುರಾದಾಗಲೆಲ್ಲ ಅಕ್ಕನ ಕುತ್ತಿಗೆಯ ನರ ಬಿಗಿಯುವುದನ್ನು ನಾನು ಪಕ್ಕದಿಂದ ನೋಡಿದ್ದೇನೆ. ತಲೆ ಮಾತ್ರ ತಗ್ಗಲಿಲ್ಲ. ಗಂಡ ಸತ್ತವಳು ಬೆಳಗ್ಗೆ ಬೆಳಗ್ಗೆ ಎದುರಿಗೆ ಬಂದಳು ಎಂದು ಮುಖ ಸಿಂಡರಿಸುತ್ತಿದ್ದ ಒಬ್ಬ ಅಜ್ಜ ತಿಂಗಳ ಕೊನೆಗೆ "ಏನವ್ವಾ, ಇವತ್ತು ಲೇಟು?" ಎಂದು ಕೇಳಿದ. ಅಕ್ಕ ಆ ದಿನವೆಲ್ಲ ಅದನ್ನೇ ಹೇಳಿಕೊಂಡು ಓಡಾಡಿದರು.

ಸೀರೆ ತೊಡರಿ ಅಕ್ಕ ಒಮ್ಮೆ ಮುಗ್ಗರಿಸಿ ಬಿದ್ದರು. ನಾನು ಆ ಶನಿವಾರವೇ ತರೀಕೆರೆಗೆ ಹೋಗಿ ಎರಡು ನೀಲಿ ಟ್ರ್ಯಾಕ್ ಪ್ಯಾಂಟು ತಂದೆ. "ಬೇಡ ಕಣೇ ಶೈಲಾ. ನಿಂಗೆ ನಡೀತೈತೆ, ನಂಗೆ ನಡ್ಯಲ್ಲ. ಮಾವಂಗೆ ಗೊತ್ತಾದ್ರೆ ನನ್ನ ಆಚೆ ಕಳ್ಸಲ್ಲ." ಅವರು ಹೇಳಿದ್ದು ಅಷ್ಟು ಸ್ಪಷ್ಟ. ನಾನು ಬಿಡಬೇಕಲ್ಲ! ಯಾವ ಕಾಲದಲ್ಲಿದ್ದೀರಿ, ಏನಾದರೂ ಬಂದರೆ ನಾನಿಲ್ಲವೇ, ಮಾವನ ಹತ್ತಿರ ನಾನು ಮಾತಾಡುತ್ತೇನೆ — ಏನೆಲ್ಲ ಅಂದೆ. ಪ್ಯಾಂಟಿನಲ್ಲೇ ಓಡುವುದು ಎಂದು ಆ ತಿಂಗಳ ಹರಕೆ ನಾನೇ ಅವರ ಬಾಯಲ್ಲಿ ಹೇಳಿಸಿದೆ. ಮನೆಯಿಂದ ಹೊರಡುವಾಗ ಮೇಲೆ ನೈಟಿ, ಒಳಗೆ ಪ್ಯಾಂಟು. ಕೊನೆಯ ಮನೆ ದಾಟಿದ ಮೇಲೆ ನೈಟಿ ತೆಗೆದು ಸುತ್ತಿ ಹೊಂಗೆ ಮರದ ಕವಲಿಗೆ ಸಿಕ್ಕಿಸುವುದು. ಇಬ್ಬರೂ ಹುಡುಗಿಯರ ಹಾಗೆ ಕಿಸಿಕಿಸಿ ನಗುತ್ತಿದ್ದೆವು.

ಇಲ್ಲಿಂದ ಮುಂದೆ ಹೇಳುವುದು ಕಷ್ಟ — ಆದರೂ ಹೇಳಬೇಕು. ಪ್ಯಾಂಟು ಬಂದ ಮೇಲೆ ಗಂಗಕ್ಕನನ್ನು ಹಿಡಿಯಲು ನನ್ನಿಂದ ಆಗಲಿಲ್ಲ. ನನ್ನ ಕಾಲಿಗೆ ದುಬಾರಿ ಶೂ, ಕೈಗೆ ಯಜಮಾನರು ಕೊಡಿಸಿದ ವಾಚು. ಅವರ ಕಾಲಿಗೆ ಸಂತೆಯ ಕ್ಯಾನ್‌ವಾಸ್ ಶೂ. ತಿರುವಿನಲ್ಲಿ ಮರೆಯಾಗಿಬಿಡುತ್ತಿದ್ದರು, ಆಮೇಲೆ ನನಗಾಗಿ ಕಾಯುತ್ತಾ ನಿಂತು "ಬಾರೇ, ನಿಧಾನಕ್ಕೇ ಬಾ" ಅನ್ನುತ್ತಿದ್ದರು. ಪ್ರೀತಿಯಿಂದಲೇ. ನನಗೆ ಅದು ಚುಚ್ಚುತ್ತಿತ್ತು. ಓಟ ನಾನು ಕಂಡುಹಿಡಿದದ್ದು, ನನ್ನ ಆರೋಗ್ಯಕ್ಕೆಂದು ಶುರುವಾದದ್ದು, ಇವರು ನನ್ನ ಜೊತೆಗೆ ಬಂದವರು ತಾನೇ — ಹೀಗೆಲ್ಲ ಯೋಚಿಸಿದೆ. ಛೆ! ಮೈಸೂರಿಗೆ ಇಬ್ಬರ ಹೆಸರೂ ಸೇರಿಸುತ್ತೇನೆ ಎಂದಿದ್ದವಳು ನನ್ನದು ಮಾತ್ರ ಸೇರಿಸಿದೆ. ಅವರು ಕೇಳಿದಾಗ ನೆಟ್‌ವರ್ಕ್ ಇಲ್ಲ, ನಾಳೆ ಮಾಡ್ತೀನಿ ಅಂದೆ. ಎರಡು ಸಲ ಅಂದೆ.

ಆ ಭಾನುವಾರವೂ ಅಕ್ಕ ಎಷ್ಟೋ ಮುಂದಿದ್ದರು. ಈರುಳ್ಳಿ ಮಂಡಿಯ ಒಬ್ಬರು, ನಮ್ಮ ಮಾವನ ಗೆಳೆಯರು, ಬೈಕಿನಲ್ಲಿ ಶಿವನಿ ಕಡೆಯಿಂದ ಬರುವಾಗ ಕಂಡದ್ದು ಅಕ್ಕ ಒಬ್ಬರೇ. ಬೈಕು ನನ್ನ ಪಕ್ಕದಲ್ಲಿ ಹಾದು ಹೋದಾಗ ನಾನು ಶೂ ಲೇಸು ಕಟ್ಟುವ ನೆಪದಲ್ಲಿ ಬೇಲಿಯ ಕಡೆ ಬಗ್ಗಿಕೊಂಡೆ. ಅವರು ಸೀದಾ ನಮ್ಮ ಮನೆಗೇ ಹೋಗಿದ್ದರು.

ನಾವು ಹಿಂದಿರುಗಿದಾಗ ಮಾವ ಲಿಂಗಪೂಜೆ ಮುಗಿಸಿ ನಡುಮನೆಯಲ್ಲಿ ಕೂತಿದ್ದರು, ಹಣೆಯ ವಿಭೂತಿ ಇನ್ನೂ ಒದ್ದೆ ಇತ್ತು. ಅಕ್ಕ ಹಿತ್ತಿಲ ಬಾಗಿಲಿಂದ ಒಳಗೆ ಹೋಗಿ ಒಲೆ ಹಚ್ಚಿದರು. ಮಾವ ನನ್ನನ್ನು ಕರೆದರು. "ಗಂಗ ಪ್ಯಾಂಟ್ ಹಾಕ್ಕೊಂಡು ರೋಡಲ್ಲಿ ಓಡ್ತಾಳಂತೆ. ನೀನ್ ಜೊತೇಲಿದ್ದೂ ಏನಮ್ಮಾ ಇದು?" ಬೈಯಲಿಲ್ಲ, ಕೂಗಾಡಲಿಲ್ಲ. ನಾನೇ ತಂದದ್ದು ಎಂದಿದ್ದರೆ ಏನಾಗುತ್ತಿತ್ತು? ನಾಲ್ಕು ಮಾತು ಬರುತ್ತಿತ್ತು. ಯಜಮಾನರು ಮಧ್ಯೆ ಬಂದು ಸಮಾಧಾನ ಮಾಡುತ್ತಿದ್ದರು. ನನ್ನ ನೈಟಿಯ ಕೆಳಗೆ ಆಗಲೂ ಅದೇ ನೀಲಿ ಪ್ಯಾಂಟು ಇತ್ತು. ನಾನು ಅಂದೆ —

"ನಾನ್ ಬೇಡ ಅಂದೆ ಮಾವ. ಅಕ್ಕನೇ ಕೇಳ್ಲಿಲ್ಲ."

ಮಾವ ಅಕ್ಕನನ್ನು ಕೂಗಿದರು. ಅವರು ಒದ್ದೆ ಕೈ ನೈಟಿಗೆ ಒರೆಸಿಕೊಳ್ಳುತ್ತಾ ಅಡುಗೆಮನೆ ಬಾಗಿಲಲ್ಲಿ ನಿಂತರು. "ಶೈಲಾ ಬೇಡ ಅಂದ್ರೂ ಕೇಳ್ಲಿಲ್ವಂತಲ್ಲಮ್ಮಾ ನೀನು. ನಾಳೆಯಿಂದ ಬೆಳಗ್ಗೆ ಆಚೆ ಹೋಗೋದು ಬೇಡ." ಅಕ್ಕ ನನ್ನ ಕಡೆ ನೋಡಿದರು. ನಾನು ಹೇಳುತ್ತೇನೆ, ಈಗ ಹೇಳುತ್ತೇನೆ ಎಂದು ಕಾದರು ಅನ್ನಿಸುತ್ತದೆ. ನಾನು ನೆಲ ನೋಡಿದೆ. ಆಗ ಅವರು "ಆಗ್ಲಿ ಮಾವ" ಎಂದು ಒಳಗೆ ಹೋದರು.

ಹೆದರಿ ಹಾಗೆ ಹೇಳಿದೆ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಹೆದರಿದ್ದು ನಿಜ. ಆದರೆ ಮರುದಿನ ಬೆಳಗ್ಗೆ — ಒಬ್ಬಳೇ ಹೋಗಬೇಡ ಎಂದು ಮಾವ ಈ ಸಲ ಅನ್ನಲಿಲ್ಲ — ಒಬ್ಬಳೇ ಓಡುವಾಗ, ಮುಂದೆ ಯಾರೂ ಇಲ್ಲದ ರಸ್ತೆ ನೋಡಿ, ನನಗೆ ಒಂದು ಗಳಿಗೆ ಹಾಯೆನಿಸಿತು. ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಈಗ ಹೇಳಿದ್ದೇನೆ.

ಅಕ್ಕ ಜಗಳವಾಡಲಿಲ್ಲ. ನಾನು ಹೊರಡುವ ಮುಂಚೆಯೇ ಎದ್ದು ರಾಗಿ ಗಂಜಿ ಕಾಸಿ ಲೋಟಕ್ಕೆ ಹಾಕಿಡುತ್ತಿದ್ದರು. ಕಾಲು ನೋವು ಅಂದರೆ ಎಣ್ಣೆ ಬಿಸಿ ಮಾಡಿ ಕೊಡುತ್ತಿದ್ದರು. ಆದರೆ ಆ ದಿನದಿಂದ ನನ್ನನ್ನು "ಲೇ" ಅನ್ನಲಿಲ್ಲ, "ಕಣೇ" ಅನ್ನಲಿಲ್ಲ. ಒಂದನೇ ತಾರೀಕು ಬಂದಾಗ ನಾನೊಬ್ಬಳೇ ಮೋರಿ ಕಟ್ಟೆಯ ಮೇಲೆ ಕೂತು ತಿಂಗಳ ಗುರಿ ಇಟ್ಟುಕೊಳ್ಳುತ್ತಿದ್ದೆ. ಇಷ್ಟು ದೂರ, ಇಷ್ಟು ಹೊತ್ತು. ಮಾವನ ಹತ್ತಿರ ನಿಜ ಹೇಳುವುದು ಎಂಬುದನ್ನೂ ಒಂದೆರಡು ತಿಂಗಳು ಇಟ್ಟುಕೊಂಡಿದ್ದೆ. ದೂರದ್ದೆಲ್ಲ ಮುಟ್ಟಿದೆ, ಅದನ್ನು ಮಾತ್ರ ಮುಂದಿನ ತಿಂಗಳಿಗೆ, ಮುಂದಿನ ತಿಂಗಳಿಗೆ ಎಂದು ತಳ್ಳಿದೆ.

ಮೈಸೂರಿನಲ್ಲಿ ಓಡಿದೆ. ಕೊನೆಯ ಭಾಗ ಕಾಲೆಳೆದುಕೊಂಡು ನಡೆದು ಮುಗಿಸಿದೆ. ಪದಕ ಕೊರಳಿಗೆ ಹಾಕಿದರು, ಯಜಮಾನರು ಫೋಟೋ ತೆಗೆದರು. ಶಾಲೆಯಲ್ಲಿ ಹಾರ, ಶಾಲು. ಮಾವ ಆ ಫೋಟೋಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತಗುಲಿಸಿದರು. ಬಂದವರಿಗೆಲ್ಲ "ನಮ್ಮ ಚಿಕ್ಕ ಸೊಸೆ" ಎಂದು ತೋರಿಸುತ್ತಾರೆ, ಈರುಳ್ಳಿ ಮಂಡಿಯವರಿಗೂ ತೋರಿಸಿದರು. ಫೋಟೋದಲ್ಲಿ ನಾನು ಹಾಕಿಕೊಂಡಿರುವುದು ಅದೇ ನೀಲಿ ಪ್ಯಾಂಟು. ಯಾರೂ ಏನೂ ಅನ್ನಲಿಲ್ಲ. ಗಂಡ ಇದ್ದವಳ ಪ್ಯಾಂಟು ಅದು, ಅದಕ್ಕೆ ಮೆಚ್ಚುಗೆ. ವಾರಕ್ಕೊಮ್ಮೆ ಆ ಗಾಜಿನ ಧೂಳು ಒರೆಸುವವರು ಗಂಗಕ್ಕ.

ಈ ವರ್ಷ ಸಕ್ಕರೆ ಕಾಯಿಲೆ ಅವರಿಗೆ ಬಂತು, ನನಗಲ್ಲ. ಬೀರೂರಿನ ಅದೇ ಡಾಕ್ಟರು ಅದೇ ಮಾತು ಹೇಳಿದರು. ಮನೆಗೆ ಬಂದು ಹೇಳಿದಾಗ ಮಾವ, "ತಾರಸಿ ಮೇಲೆ ನಡೀಲಿ, ಅಷ್ಟಗಲ ಐತಲ್ಲ" ಅಂದರು. ಈಗ ಅಕ್ಕ ಬೆಳಗ್ಗೆ ನೀರಿನ ಟ್ಯಾಂಕು ಸುತ್ತುತ್ತಾರೆ, ಒಣಗಲು ಹಾಕಿದ ಬಟ್ಟೆಯ ಕೆಳಗೆ ತಲೆ ಬಗ್ಗಿಸಿ, ಮತ್ತೆ ಟ್ಯಾಂಕು. ನನ್ನ ಕೋಣೆ ಅದರ ಕೆಳಗೇ ಇದೆ. ಆ ಹೆಜ್ಜೆ ಸದ್ದಿಗೆ ಎಚ್ಚರವಾಗಿ ಮಲಗಿರುತ್ತೇನೆ. ಎದ್ದು ಓಡಲು ಮನಸ್ಸು ಬರುವುದಿಲ್ಲ.

ಹೋದ ತಿಂಗಳು ಒಂದು ಬೆಳಗ್ಗೆ ತಡೆಯಲಾಗದೆ ಮೇಲೆ ಹೋದೆ. ಅವರ ಪಕ್ಕದಲ್ಲಿ ನಡೆಯುತ್ತಾ, ಅಕ್ಕಾ, ಅವತ್ತು ನಾನು ಸುಳ್ಳು ಹೇಳಿದೆ, ತಪ್ಪಾಯಿತು, ಹೊಟ್ಟೆಕಿಚ್ಚಿನಿಂದ — ಎಂದು ತಡವರಿಸಿಕೊಂಡು ಎಲ್ಲ ಹೇಳಿದೆ. ಅತ್ತೂಬಿಟ್ಟೆ. ಅಕ್ಕ ನಡಿಗೆ ನಿಲ್ಲಿಸಲಿಲ್ಲ. ಒಂದು ಸುತ್ತು ಮುಗಿದ ಮೇಲೆ ಅಂದರು:

"ನಂಗ್ಯಾಕೆ ಹೇಳ್ತೀಯಾ ಶೈಲಾ? ನಂಗ್ ಗೊತ್ತಿಲ್ದಿರೋದಾ? ನಡುಮನೇಲಿ ಹೇಳಿದ್ದಲ್ವಾ. ನಡುಮನೇಲೇ ಹೇಳು. ಮಾವ ಅಲ್ಲೇ ಕೂತವ್ರೆ."

ಅದರಲ್ಲಿ ಕೋಪವಿರಲಿಲ್ಲ. ಹೇಳಿದ್ದರೆ ಮರುದಿನವೇ ಅವರು ಮನೆಯ ಗೇಟು ದಾಟಬಹುದಿತ್ತು ಎಂದು ನನಗೆ ಗೊತ್ತು — ಮಾವ ಹಟಮಾರಿ, ಆದರೆ ಅನ್ಯಾಯ ತಮ್ಮ ಕೈಯಿಂದ ಆಯಿತು ಎಂದು ತಿಳಿದ ಮೇಲೆ ಸುಮ್ಮನಿರುವವರಲ್ಲ. ಮೆಟ್ಟಿಲಿಳಿದೆ. ಮಾವ ಪೇಪರು ಹಿಡಿದು ಕೂತಿದ್ದರು. ಹೋಗಿ ಎದುರಿಗೆ ನಿಂತೆ. ಮೇಲೆ ಹೆಜ್ಜೆ ಸದ್ದು ನಿಂತಿತ್ತು. ಮಾವ ಕನ್ನಡಕದ ಮೇಲಿಂದ ನೋಡಿ, "ಏನಮ್ಮಾ?" ಅಂದರು.

"ಏನಿಲ್ಲ ಮಾವ. ಕಾಫಿ ತರ್ಲಾ?" ಅಂದೆ.

ತಂದೂ ಕೊಟ್ಟೆ. ಸ್ವಲ್ಪ ಹೊತ್ತಿಗೆ ಮೇಲೆ ಮತ್ತೆ ನಡಿಗೆ ಶುರುವಾಯಿತು. ಮಧ್ಯಾಹ್ನ ಅಡುಗೆಮನೆಯಲ್ಲಿ ಅಕ್ಕ ಸೊಪ್ಪು ಬಿಡಿಸುತ್ತಾ ಕೂತಿದ್ದರು. ನಾನು ನೀರು ಕುಡಿಯಲು ಹೋದೆ. ಅವರು ತಲೆಯೆತ್ತದೆ ಕೇಳಿದರು, "ಕಾಫಿ ಸರಿಹೋಯ್ತಂತಾ ಮಾವಂಗೆ?"

ಹೂಂ ಅಂದೆ. ಇವತ್ತಿನವರೆಗೂ ಅಷ್ಟೇ ಅಂದಿರುವುದು. ಇದನ್ನೆಲ್ಲ ನಿಮ್ಮ ಮುಂದೆ ಹೇಳಲು ನನಗೆ ಇಷ್ಟು ಮಾತು ಸಿಕ್ಕಿತು, ಮಾವನ ಮುಂದೆ ಹೇಳಬೇಕಾದದ್ದು ಒಂದೇ ಒಂದು ಮಾತು. ಅದನ್ನು ನಾನು ಇನ್ನೂ ಹೇಳಿಲ್ಲ.